ಡಬ್ಲಿನ್ ಕತಿಯೊಳಗಿನ ಮಂದೀನ ನೋಡಿ ನಮ್ಮೂರ ಪಾತ್ರ ಕಟ್ಟೋದು ಹೆಂಗ

ಹುಬ್ಬಳ್ಳಿ-ಧಾರವಾಡದಾಗ ಈಗ ಕತಿ ಬರಿಯೋ ಹುಡುಗ್ರು ಹುಡುಗ್ಯಾರು ಭಾಳ ಮಂದಿ ಅದಾರ, ಅವರ ಕತಿಯೊಳಗ ಊರು ಚೊಲೋ ಬರ್ತೈತಿ, ದುರ್ಗದಬೈಲಿನ ಗದ್ದಲ ಬರ್ತೈತಿ, ಧಾರವಾಡದ ಮಳಿ ಬರ್ತೈತಿ, ಮಿರ್ಚಿ ಕರಿಯೋ ವಾಸನಿನೂ ಬರ್ತೈತಿ, ಆದ್ರ ಅದರ ನಡಕ ನಿಂತ ಮನಷ್ಯಾ ಮಾತ್ರ ಕಣ್ಣಿಗೆ ಕಟ್ಟಂಗಿಲ್ಲ. "ಅಂವ ಭಾಳ ನೊಂದಿದ್ದ", "ಅಕಿ ಸ್ವಾಭಿಮಾನಿ" ಅಂತ ಬರದು ಮುಂದ ಹೋಗಿಬಿಡ್ತಾರ. ಇಂಥಲ್ಲೆ ಸಿಕ್ಕೊಂಡವರಿಗೆಲ್ಲಾ ನಾ ಹೇಳೋದು ಒಂದ, ಐರ್ಲೆಂಡಿನ ಲೇಖಕ ಜೇಮ್ಸ್ ಜಾಯ್ಸ್ ಬರದ ಡಬ್ಲಿನರ್ಸ್ ಅನ್ನೋ ಕತಿ ಪುಸ್ತಕ ಓದ್ರಿ, ಅದೂ ಪೆನ್ಸಿಲ್ ಹಿಡಕೊಂಡು ಓದ್ರಿ.

1914ರಾಗ ಬಂದ ಪುಸ್ತಕ ಅದು, 15 ಕತಿ, ಎಲ್ಲಾ ಐರ್ಲೆಂಡಿನ ಡಬ್ಲಿನ್ ಊರಿನ ಸಾದಾ ಮಂದಿವು. ಆಫೀಸಿನ ಗುಮಾಸ್ತ, ಲಾಂಡ್ರಿಯೊಳಗ ದುಡಿಯೋ ವಯಸ್ಸಾದ ಹೆಣ್ಮಗಳು, ಬ್ಯಾಂಕಿನ ಕ್ಯಾಷಿಯರ್, ಬೋರ್ಡಿಂಗ್ ಹೌಸ್ ನಡಸಾಕಿ, ಸಾಲಿ ಹುಡಗ. ಆಗ ಆ ಊರಾಗ ಸುಮಾರು 3 ಲಕ್ಷ ಜನ. ನಮ್ಮ ಅವಳಿನಗರ 2011ರ ಜನಗಣತಿಯೊಳಗನ 9 ಲಕ್ಷ ದಾಟಿತ್ತು. ಅಂದ್ರ ಅದೇನು ಮಹಾ ದೊಡ್ಡ ಊರಲ್ಲ, ಯಾರ ಮನಿ ಸುದ್ದಿ ಯಾರಿಗೆ ಗೊತ್ತಾಗ್ತೈತೋ ಅಂತ ಮಂದಿ ಅಂಜಿಕೊಂಡು ಬದಕೋ ಊರು. ಅದಕ್ಕ ಆ ಪಾತ್ರ ನಮಗ ಲಗೂನ ಗುರುತು ಸಿಗ್ತಾವ.

ಪಾತ್ರ ಕಟ್ಟೂವಾಗ ಮೊದಲ ಮಾಡೋ ಕೆಲಸ ಏನಪಾ ಅಂದ್ರ, ಅವರ ಸ್ವಭಾವ ಬದಿಗಿಟ್ಟು ಕಿಸೆ ನೋಡೋದು. ಇವತ್ತ ಮುಂಜಾನೆ ಕಿಸೆದಾಗ ಎಷ್ಟಿತ್ತು, ರಾತ್ರಿ ಎಷ್ಟು ಉಳೀತು, ನಡಕ ಎಲ್ಲಿ ಹೋತು. ಕೌಂಟರ್‌ಪಾರ್ಟ್ಸ್ ಅನ್ನೋ ಕತಿಯೊಳಗ ಫ್ಯಾರಿಂಗ್ಟನ್ ಅಂತ ಒಬ್ಬ ಗುಮಾಸ್ತ ಬರ್ತಾನ, ಕಾಗದಪತ್ರ ನಕಲು ಮಾಡೋ ಕೆಲಸ. ಆಳು ಎತ್ತರ, ದಪ್ಪ, ಸಾಹೇಬ ಮಾತ್ರ ಸಣ್ಣ ದೇಹದಾಂವ, ಆ ಸಾಹೇಬ ಎಲ್ಲಾರ ಮುಂದ ಬೈತಾನ, ಇಂವ ಒಂದು ಎದುರುತ್ತರ ಕೊಟ್ಟು ಆಮ್ಯಾಲ ಕ್ಷಮಾ ಕೇಳಬೇಕಾಗ್ತೈತಿ. ಸಂಜಿಗೆ ಕುಡೀಬೇಕು, ಕೈಯಾಗ ರೊಕ್ಕಿಲ್ಲ. ಗಡಿಯಾರದ ಸರಪಳಿ ಬೆರಳಿಗೆ ತಾಕ್ತೈತಿ, ತಕ್ಷಣ ಹೊಳೀತೈತಿ, ಸೀದಾ ಫ್ಲೀಟ್ ಸ್ಟ್ರೀಟಿನ ಗಿರವಿ ಅಂಗಡಿಗೆ ಹೋಗ್ತಾನ. ಅಂಗಡಿಯಾಂವ 5 ಶಿಲಿಂಗ್ ಅಂತಾನ, ಇಂವ 6 ಕೊಡು ಅಂತ ಹಟ ಹಿಡದು 6 ತಗೋತಾನ. ಹೊರಗ ಬರೂವಾಗ ಆ ನಾಣ್ಯ ಒಂದರ ಮ್ಯಾಲೊಂದು ಜೋಡಿಸಿ ಹೆಬ್ಬೆರಳು ಬೆರಳಿನ ನಡಕ ಹಿಡಕೊಂಡು ಬರ್ತಾನ. ಆ ಬೆರಳು ನೋಡ್ರಿ. ಹಗಲೆಲ್ಲಾ ಸೋತಾಂವ ಒಂದು ಶಿಲಿಂಗ್ ಚೌಕಾಶಿಯೊಳಗ ಗೆದ್ದಾನ, ಆ ಗೆಲುವಿನ ಮ್ಯಾಲ ಬೀದಿಯೊಳಗ ಮಂದೀನ ಠೀವಿಲೆ ನೋಡ್ಕೋತ ನಡೀತಾನ. ಅಂವ ಖುಷಿಯಾದ ಅಂತ ಬರದಿದ್ರ ಇದರಾಗಿನ ಕಾಲುಭಾಗನೂ ನಮಗ ಮುಟ್ಟತಿರಲಿಲ್ಲ.

ರಾತ್ರಿಗೆ ಕೈಯಾಗ ಉಳಿಯೋದು 2 ಪೆನ್ಸ್. ಗೆಳೆಯಾರಿಗೆ ಕುಡಿಸಿ, ತೋಳಬಲದ ಪಂಥದಾಗ ಒಬ್ಬ ಹುಡಗನ ಕೈಯಾಗ ಸೋತು, ಗಡಿಯಾರನೂ ಹೋಗಿ, ಕುಡದದ್ದೂ ಏರದ ಮನಿಗೆ ಬರ್ತಾನ. ಒಲಿ ಆರೇತಿ, ಹೇಣ್ತಿ ಚರ್ಚಿಗೆ ಹೋಗ್ಯಾಳ, ಸಿಗಾಂವ ಒಬ್ಬ ಸಣ್ಣ ಮಗ. ಆ ಮಗನ್ನ ಬಡಿಗಿ ತಗೊಂಡು ಹೊಡೀತಾನ, ಕೂಸು ಅಪ್ಪಾ ನಿನ್ನ ಸಲುವಾಗಿ ಪ್ರಾರ್ಥನಾ ಮಾಡ್ತೇನಿ ಅಂತ ಅಳ್ತೈತಿ, ಕತಿ ಅಲ್ಲೆ ನಿಲ್ತೈತಿ. ಅವನ್ನ ಕೆಟ್ಟಾಂವ ಅಂತ ಜಾಯ್ಸ್ ಎಲ್ಲೂ ಹೇಳಂಗಿಲ್ಲ, ಬಡವ ಪಾಪ ಅಂತನೂ ಅನ್ನಂಗಿಲ್ಲ. ನಮಗ ಅವನ ಮ್ಯಾಲ ಸಿಟ್ಟು ಬರ್ತೈತಿ, ಅದರ ಕೂಡ ಅವನ ಹಗಲಿನ ಅವಮಾನನೂ ನೆನಪಿರ್ತೈತಿ, ಎರಡೂ ಕೂಡೇ ಇರ್ತಾವ.

ಈಗ ಲೆಕ್ಕ ಸ್ವಲ್ಪ ಅಗಲ ಮಾಡ್ರಿ. ಆಗ 12 ಪೆನ್ಸಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. ಎವೆಲಿನ್ ಅನ್ನೋ ಹುಡಿಗಿ ಅಂಗಡಿಯೊಳಗ ದುಡದು ವಾರಕ್ಕ 7 ಶಿಲಿಂಗ್ ತರ್ತಾಳ, ಅಷ್ಟೂ ಅಪ್ಪನ ಕೈಯಾಗ ಇಡ್ತಾಳ, ಶನಿವಾರ ಸಂತಿಗೆ ಅಂತ ಅದ ರೊಕ್ಕ ಹೊಳ್ಳಿ ಕೇಳಬೇಕಂದ್ರ ಬೈಗಳ ತಿನಬೇಕು. ಕ್ಲೇ ಕತಿಯೊಳಗಿನ ಮರಿಯಾ ಹಬ್ಬಕ್ಕಂತ ಕೊಂಡ ಪ್ಲಮ್ ಕೇಕ್ 2 ಶಿಲಿಂಗ್ 4 ಪೆನ್ಸ್. ಅಂದ್ರ ಎವೆಲಿನ್‌ಳ ವಾರದ ಪಗಾರದಾಗ ಮೂರನೇ ಒಂದು ಪಾಲು ಒಂದ ಕೇಕಿಗೆ. ಆ ಕೇಕ್ ಟ್ರಾಮಿನ್ಯಾಗ ಕಳೀತೈತಿ, ಯಾಕಂದ್ರ ಒಬ್ಬ ವಯಸ್ಸಾದ ಗಂಡಸು ಜಾಗಾ ಕೊಟ್ಟು ಮರ್ಯಾದಿಲೆ ಮಾತಾಡಿಸ್ಯಾನ, ಅಕಿ ಅದರಾಗ ಮೈಮರತಾಳ. ಕಳದದ್ದು ಗೊತ್ತಾದಾಗ ಅಳು ಬಂದಂಗ ಆಗ್ತೈತಿ. ರೊಕ್ಕ ಹೋದದ್ದಕ್ಕ ಅಳು, ಮೈಮರತದ್ದಕ್ಕ ನಾಚಿಕಿ, ಎರಡೂ ಆ 2 ಶಿಲಿಂಗ್ 4 ಪೆನ್ಸಿನ್ಯಾಗ ಐತಿ. ಫ್ಯಾರಿಂಗ್ಟನ್ ಒಂದ ರಾತ್ರಿಗೆ ಉಡಾಯಿಸಿದ 6 ಶಿಲಿಂಗ್ ಇದರ ಬಾಜುಕ ಇಟ್ಟು ನೋಡ್ರಿ, ಪಾತ್ರದ ತೂಕ ತಾನ ತಿಳೀತೈತಿ.

ನಮ್ಮೂರಾಗ ಇದನ್ನ ಮಾಡೋದು ಹೆಂಗ? ನನ್ನ ಪ್ರಕಾರ ಕತಿಗೆ ಅಗದಿ ಹೇಳಿ ಮಾಡಿಸಿದಂಥಾ ಮನಷ್ಯಾ ಅಂದ್ರ ಪಿಗ್ಮಿ ಏಜೆಂಟ್, ಅಂದ್ರ ಮಂದಿ ದಿನಾ ಉಳಿಸೋ ರೊಕ್ಕ ಬ್ಯಾಂಕಿಗಂತ ಕೂಡಿಸಾಂವ. ದಿನಾ ದುರ್ಗದಬೈಲ್, ಬ್ರಾಡ್‌ವೇ, ಕೊಪ್ಪಿಕರ ರೋಡ್ ತಿರಗತಾನ, ಒಬ್ಬರ ಕಡೆ 50, ಒಬ್ಬರ ಕಡೆ 100 ಇಸಗೋತಾನ, ಸಂಜಿಗೆ ಚೀಲದಾಗ ಮಂದಿ ರೊಕ್ಕ ಸಾವಿರಗಟ್ಟಲೆ, ತನ್ನದು ಅಂತ ಕಿಸೆದಾಗ ಏನೂ ಇಲ್ಲ. ಇಷ್ಟು ಸಾಕು, ಅವನ ನೋವು ಹಾಡಿಕೊಂಡು ಅಳೋದು ಬ್ಯಾಡ. ಅವನ್ನ ಗಿರ್ಮಿಟ್ ಗಾಡಿ ಮುಂದ ತಂದು ನಿಲ್ಲಸ್ರಿ. ಗಾಡಿ ಕಾಕಾ 100 ರೂಪಾಯಿ ಕೊಟ್ಟು "ಒಂದ ಪ್ಲೇಟ್ ತಗೋರಿ ಸರ, ಬಿಸಿ ಐತಿ" ಅಂತಾನ. ಇಂವ "ಬ್ಯಾಡ್ರಿ ಕಾಕಾ, ಊಟ ಈಗರ ಆತು" ಅಂತ ರಸೀದಿ ಕೊಟ್ಟು, ಗಾಡಿ ತುದಿಗೆ ಚೆಲ್ಲಿದ್ದ ನಾಲ್ಕು ಚುರಮರಿ ಬೆರಳಲೆ ಸರಿಸಿ ಪುಸ್ತಕ ಇಟ್ಟು ಸಹಿ ಹಾಕಸ್ಕೋತಾನ. ಊಟ ಆಗಿಲ್ಲ ಅಂತ ನೀವು ಹೇಳಬ್ಯಾಡ್ರಿ. ಹಿಂದಿನ ಸೀನಿನ್ಯಾಗ ಅಂವ ಡಬ್ಬಿ ಮನಿಯಾಗ ಬಿಟ್ಟು ಬಂದದ್ದು ಓದುಗ ನೋಡಿದ್ರ ಸಾಕು.

ಮತ್ತ ಈಗಿನ ಕಿಸೆ ಅಂದ್ರ ಮೊಬೈಲು, ಅದನ್ನ ಮರೀಬ್ಯಾಡ್ರಿ. ಫೋನ್‌ಪೇದಾಗ ಬ್ಯಾಲೆನ್ಸ್ ನೋಡೂವಾಗ ಬಾಜುಕ ನಿಂತ ಗೆಳೆಯಾಗ ಕಾಣಬಾರದಂತ ಫೋನ್ ಎದಿಗೆ ತರೋ ಕೈ, ಸಂಘದ ಕಂತಿನ ದಿನ ನೆರಮನಿ ಅಕ್ಕನ ಕಣ್ಣು ತಪ್ಪಿಸೋ ಹೆಣ್ಮಗಳು, ಬಂಗಾರ ಅಡವಿಟ್ಟು ಬಂದು ಮದವಿಗೆ ಉಮಾಗೋಲ್ಡ್ ಹಾಕ್ಕೊಂಡು ಸೆರಗು ಎಳಕೊಳ್ಳಾಕಿ, ಇವೆಲ್ಲಾ ನಮ್ಮ ಮನಿ ಸುತ್ತಲೂ ಅದಾವ.

ರೊಕ್ಕದ ಮ್ಯಾಲ ಬರೋದು ಗಡಿಯಾರ. ಬೋರ್ಡಿಂಗ್ ಹೌಸ್ ನಡಸೋ ಮಿಸೆಸ್ ಮೂನಿ ತನ್ನ ಮಗಳ ಕೂಡ ಸಂಬಂಧ ಇಟ್ಕೊಂಡ ಬಾಡಿಗಿ ಗಿರಾಕಿನ್ನ ಮದವಿಗೆ ಒಪ್ಪಸಬೇಕು. ರವಿವಾರ ಮುಂಜಾನೆ ಗಡಿಯಾರ ನೋಡ್ತಾಳ, 11 ಹೊಡದು 17 ನಿಮಿಷ. ಅವನ ಕೂಡ ಮಾತು ಮುಗಿಸಿ ಚರ್ಚಿನ 12ರ ಸಣ್ಣ ಪೂಜೆಗೆ ಹೋಗಾಕ ಟೈಮ್ ಐತಿ ಅಂತ ಲೆಕ್ಕಾ ಹಾಕ್ತಾಳ. ಅಕಿ ಎಂಥಾಕಿ ಅಂತ ಮತ್ತ ಬ್ಯಾರೆ ಹೇಳಬೇಕೇನು? ಅರಬಿ ಕತಿಯ ಹುಡಗ ಕಾಕಾ ತಡಮಾಡಿ ಬಂದದ್ದಕ್ಕ ಜಾತ್ರಿಗೆ ಮುಟ್ಟೋದು ರಾತ್ರಿ 10ಕ್ಕ 10 ನಿಮಿಷ ಕಡಿಮಿ ಇದ್ದಾಗ, ಆಗ್ಲೇ ಭಾಳಷ್ಟು ಅಂಗಡಿ ಮುಚ್ಚ್ಯಾವ. ಹಂಗ ನಿಮ್ಮ ಪಾತ್ರಕ್ಕೂ ಒಂದು ಹೊತ್ತು ಕೊಡ್ರಿ, ಇಷ್ಟರೊಳಗ ಅಲ್ಲೆ ಮುಟ್ಟಬೇಕು ಅಂತ. ನವನಗರದಿಂದ ಚಿಗರಿ ಬಸ್ ಹತ್ತಿದಾಕಿಗೆ ಧಾರವಾಡದಾಗ ಆಫೀಸ್ ಖಿಡಕಿ ಮುಚ್ಚೂದ್ರಾಗ ಮುಟ್ಟಬೇಕಂತ ಇದ್ರ ಅಕಿ ಕುಂತ ಸೀಟು, ನೋಡೋ ಸ್ಟಾಪು, ಮಾತಾಡೋ ಮಾತು ಎಲ್ಲಾ ಬದಲಾಗ್ತಾವ.

ಮುಂದಿಂದು ಸ್ವಲ್ಪ ಕಷ್ಟದ್ದು. ಪಾತ್ರ ತನ್ನ ಬಗ್ಗೆ ತಾ ಏನ ತಿಳಕೊಂಡೈತಿ ಅನ್ನೋದು ಖರೇಕಿಂತ ತುಸು ಆಚೀಚೆ ಇರಬೇಕು, ಬರಿಯಾಂವ ಅದನ್ನ ತಿದ್ದಬಾರದು. ಎ ಲಿಟಲ್ ಕ್ಲೌಡ್ ಕತಿಯ ಲಿಟಲ್ ಚಾಂಡ್ಲರ್ ಗುಮಾಸ್ತನ, ಕವಿ ಆಗಬೇಕಂತ ಆಸೆ. ಕವಿತಾ ಒಂದೂ ಬರದಿಲ್ಲ, ಆದ್ರ ಅದಕ್ಕ ವಿಮರ್ಶಕರು ಏನ ಬರೀತಾರ ಅಂತ ದಾರಿಗುಂಟ ಯೋಚನಿ ಮಾಡ್ಕೋತ ಹೋಗ್ತಾನ, ಹೆಸರು ಹೆಂಗ ಹಾಕ್ಕೊಂಡ್ರ ಚಂದ ಕಾಣ್ತೈತಿ ಅಂತನೂ ನೋಡ್ತಾನ. ಅದ ರಾತ್ರಿ ಹೇಣ್ತಿ ಹೇಳಿದ್ದ ಕಾಫಿಪುಡಿ ತರೋದು ಮರತು ಬರ್ತಾನ, ಕೂಸು ಅಳ್ತೈತಿ, ಕೈಯಾಗಿನ ಪುಸ್ತಕದ ಕವಿತಾ ಓದಾಕ ಆಗಂಗಿಲ್ಲ. ಆ ಕನಸು ಅವನ ಮಟ್ಟಿಗೆ ಪೂರ್ತಿ ಖರೆ ಇತ್ತು, ಅದಕ್ಕ ಆ ಕಾಫಿಪುಡಿ ನಮಗ ಚುಚ್ಚತೈತಿ. ನಿಮ್ಮ ಕತಿಯೊಳಗ ಒಬ್ಬ ಗಾಯಕ ಆಗಬೇಕಂತ ಧಾರವಾಡಕ್ಕ ಬಂದು ಈಗ ಮೊಬೈಲ್ ಅಂಗಡಿಯೊಳಗ ಗ್ಲಾಸ್ ಹಚ್ಚೋ ಹುಡಗ ಇದ್ರ, ಅವನ ಆಸೇಕ್ಕ ಪೂರಾ ಮರ್ಯಾದಿ ಕೊಟ್ಟು ಬರೀರಿ.

ಇದಕ್ಕ ಹೊಂದಿಕೊಂಡಂಗ ಇನ್ನೊಂದು, ನಿರೂಪಣಿ ಆ ಪಾತ್ರದ ನಾಲಿಗಿ ಕಡೆ ವಾಲಬೇಕು. ಮರಿಯಾನ ಕತಿಯೊಳಗ ಎಲ್ಲಾರೂ ಚೊಲೋರ, ಎಲ್ಲಾನೂ ಚಂದನ, ಯಾಕಂದ್ರ ಅಕಿ ಹಂಗ ನೋಡಾಕಿ. ನಿವೃತ್ತ ಹೆಡ್‌ಮಾಸ್ತರರ ಕತಿ ಸ್ವಲ್ಪ ಪುಸ್ತಕದ ಕನ್ನಡದಾಗ ನಡೀಲಿ, ಆಟೋ ಓಡಸಾಂವಂದು ಅವನ ಮಾತಿನ್ಯಾಗ ನಡೀಲಿ. ಬರೇ ಸಂಭಾಷಣಿಯೊಳಗ ಧಾರವಾಡ ಭಾಷಾ, ಉಳದದ್ದೆಲ್ಲಾ ಪತ್ರಿಕಾ ಭಾಷಾ ಇದ್ರ ಆ ಮನಷ್ಯಾಗ ಹೊರಗಿಂದ ಅಂಗಿ ತೊಡಿಸಿದಂಗ ಕಾಣ್ತೈತಿ.

ಕತಿ ಮುಗಸೋ ಬಗ್ಗೆ ಭಾಳ ಹೇಳಂಗಿಲ್ಲ. ಮನಿ ಬಿಟ್ಟು ಮೆಚ್ಚಿದಾಂವನ ಕೂಡ ಹೊರಟ ಎವೆಲಿನ್ ಬಂದರಿನ ಕಬ್ಬಿಣದ ಕಟಾಂಜನ ಹಿಡಕೊಂಡು ನಿಂತುಬಿಡ್ತಾಳ, ಹಡಗ ಹತ್ತಂಗಿಲ್ಲ, ಯಾಕಂತ ವಿವರಣಿ ಇಲ್ಲ. ಕಾರಣ ಎಲ್ಲಾ ಮೊದಲ ಕೊಟ್ಟಿದ್ರ ಕಡೀಕ ಮತ್ತ ಹೇಳೋದು ಬೇಕಾಗಂಗಿಲ್ಲ.

ವಿವರ ತಪಾಸ ಮಾಡೋದ್ರಾಗ ಮಾತ್ರ ಆಳಸಿತನ ಬ್ಯಾಡ. ಜಾಯ್ಸ್ 1904ರ ಅಕ್ಟೋಬರ್‌ದಾಗ ಡಬ್ಲಿನ್ ಬಿಟ್ಟು ಹೋದಾಂವ, ಈ ಕತಿ ಭಾಳಷ್ಟು ಟ್ರಿಯೆಸ್ಟ್ ಊರಾಗ ಕುಂತು ಬರದಾನ. ಅಲ್ಲಿಂದ 1905ರಾಗ ತಮ್ಮ ಸ್ಟಾನಿಸ್ಲಾಸ್‌ಗ ಪತ್ರ ಬರದು ಕೇಳತಾನ, ಪಾದ್ರಿ ಸತ್ತರ ಪೂಜಾದ ಉಡುಪಿನ್ಯಾಗ ಮಣ್ಣು ಮಾಡ್ತಾರೇನು, ಸಿಡ್ನಿ ಪರೇಡ್ ಸ್ಟೇಷನ್ ಇರೋ ಭಾಗ ಯಾವ ಪೊಲೀಸ್ ಡಿವಿಜನ್‌ಗ ಬರ್ತೈತಿ ಅಂತ. ತಾ ಹುಟ್ಟಿ ಬೆಳದ ಊರಿನ ಬಗ್ಗೆ ಇಷ್ಟು ಕೇಳ್ಯಾನ. ನೀವೂ ಪಿಗ್ಮಿ ಏಜೆಂಟನ ಕತಿ ಬರಿಯೋದಾದ್ರ ಒಬ್ಬರ ಕೂಡ ಅರ್ಧ ದಿನ ತಿರಗ್ರಿ, ಕಮಿಷನ್ ಹೆಂಗ ಸಿಗ್ತೈತಿ, ರೊಕ್ಕ ಎಷ್ಟು ಗಂಟೇಕ್ಕ ಕಟ್ಟಬೇಕು, ಕಡಿಮಿ ಬಿದ್ರ ಯಾರು ತುಂಬ್ತಾರ, ಎಲ್ಲಾ ಕೇಳ್ರಿ. ಅವರ ಹೆಸರು, ಮನಿ, ಬ್ಯಾಂಕು ಕತಿಯೊಳಗ ತರಬ್ಯಾಡ್ರಿ. ಓಣಿ, ಸರ್ಕಲ್, ಬಸ್ಸು ಖರೇದ ಇರಲಿ, ಅನ್ಯಾಯ ನಡಿಯೋ ಅಂಗಡಿ ಹೆಸರು ಮಾತ್ರ ನಿಮ್ಮ ಕಲ್ಪನೇದು ಆಗಲಿ. ಡಬ್ಲಿನರ್ಸ್ ತರಬೇಕಿದ್ದ ಡಬ್ಲಿನ್ನಿನ ಪ್ರಕಾಶಕ ಹಿಂದ ಸರಿದದ್ದಕ್ಕ ಇದ್ದ ಕಾರಣದಾಗ ಖರೇ ಅಂಗಡಿ ಪಬ್ಬುಗಳ ಹೆಸರು ಇದ್ದದ್ದೂ ಒಂದು, 1912ರಾಗ ಅಚ್ಚಾದ ಪ್ರತಿ ನಾಶ ಮಾಡಿದ್ರು, ಪುಸ್ತಕ ಕಡೀಕ ಲಂಡನ್ನಿನಿಂದ ಬಂತು.

ಓದೋ ಕ್ರಮ ಕೇಳಿದ್ರ, ಮೊದಲ ಕೌಂಟರ್‌ಪಾರ್ಟ್ಸ್, ಆಮ್ಯಾಲ ಕ್ಲೇ, ಆಮ್ಯಾಲ ಎವೆಲಿನ್, ದಿ ಡೆಡ್ ಎಲ್ಲಾಕ್ಕಿಂತ ಉದ್ದಂದು, ಅದನ್ನ ಕಡೀಕ ಇಡ್ರಿ. ಹಕ್ಕಿನ ಅವಧಿ ಮುಗದೈತಿ, ಪ್ರಾಜೆಕ್ಟ್ ಗುಟೆನ್‌ಬರ್ಗ್‌ದಾಗ ಪುಕ್ಕಟ ಸಿಗ್ತೈತಿ. ಒಂದೊಂದು ಕತಿ ಓದಿದ ಮ್ಯಾಲ ಅದರಾಗ ರೊಕ್ಕ ಕೈ ಬದಲಾದ ಜಾಗಾ ಎಲ್ಲಾ ಒಂದು ಹಾಳ್ಯಾಗ ಬರಕೊಳ್ರಿ, ಅದರ ಹಿಂದಿನ ಮಗ್ಗಲಕ್ಕ ನಿಮ್ಮ ಪಾತ್ರದ ಒಂದು ದಿನದ ಜಮಾ-ಖರ್ಚು ಬರೀರಿ, ಕತಿ ಶುರು ಮಾಡೋದು ಅದಾದ ಮ್ಯಾಲ.