ರಸೀದಿ ಪ್ರಿಂಟರ್‌ನ ಕನ್ನಡ ಲೈಬ್ರರಿ, ಎರಡು ಲೈಸೆನ್ಸ್: ಶಿರಸಿಯಲ್ಲಿ ಕೂತು ದುಡಿದ ನನ್ನ ಅನುಭವ

ಮೊನ್ನೆ ಹನ್ನೊಂದನೇ ಕಂಪನಿ ನನ್ನ ಕೋಡ್ ಬಳಸುವ ಲೈಸೆನ್ಸಿನ ದುಡ್ಡು ಹಾಕಿತು. ಬ್ಯಾಂಕಿನ ಮೆಸೇಜು ಬಂದಾಗ ನಾನು ತೋಟದಲ್ಲಿದ್ದೆ. ಇನ್ನು ಬರೆಯಬಹುದು ಅನ್ನಿಸಿತು. ಒಂದೇ ಕೋಡನ್ನು, ತಮ್ಮ ಕೋಡ್ ಎಲ್ಲರಿಗೂ ತೆರೆದಿಡುವವರಿಗೆ ಪುಕ್ಕಟೆ, ಮುಚ್ಚಿಡುವವರಿಗೆ ದುಡ್ಡಿಗೆ ಕೊಡುವ ಯೋಚನೆಯನ್ನು ನಾಲ್ಕು ವರ್ಷದ ಹಿಂದೆ ಹೇಳಿದಾಗ ಬೆಂಗಳೂರಿನ ಗೆಳೆಯರೆಲ್ಲ, ಅದು ಮೈಎಸ್‌ಕ್ಯೂಎಲ್, ಕ್ಯೂಟಿ ಥರದ ದೊಡ್ಡ ಸಾಫ್ಟ್‌ವೇರಿನವರಿಗೆ ಮಾತ್ರ ಕಣೋ, ಒಬ್ಬನೇ ಕೂತು ಮಾಡುವವನಿಗೆ ಆಗುವುದಿಲ್ಲ ಅಂದಿದ್ದರು. ಅಪ್ಪಯ್ಯ ಕೇಳಿದ್ದು ಒಂದೇ ಪ್ರಶ್ನೆ: "ತಮಾ, ಪುಕ್ಕಟೆ ಸಿಗೋದಕ್ಕೆ ದುಡ್ಡು ಯಾರು ಕೊಡ್ತ?" ಕೊಡುತ್ತಾರೆ. ಕಳೆದ ವರ್ಷ ಹೆಚ್ಚುಕಡಿಮೆ 7 ಲಕ್ಷ ಬಂತು.

ನನ್ನ ಲೈಬ್ರರಿ, ಅಂದರೆ ಬೇರೆ ಸಾಫ್ಟ್‌ವೇರಿನೊಳಗೆ ಸೇರಿಸಿಕೊಳ್ಳುವ ಕೋಡ್, ಚಿಕ್ಕದು. ಅಂಗಡಿಯ ಬಿಲ್ ಪ್ರಿಂಟರ್‌ನಲ್ಲಿ ಕನ್ನಡ ಸರಿಯಾಗಿ ಮೂಡಿಸುತ್ತದೆ, ಅಷ್ಟೇ. ಬಿಲ್ ಹೊಡೆಯುವ ಅಗ್ಗದ ಥರ್ಮಲ್ ಪ್ರಿಂಟರ್‌ಗಳಿಗೆ ಸಾಮಾನ್ಯವಾಗಿ ಕನ್ನಡ ಗೊತ್ತಿರುವುದಿಲ್ಲ. ಅಕ್ಷರವನ್ನು ಚಿತ್ರ ಮಾಡಿಯೇ ಕಳಿಸಬೇಕು. 58 ಎಂಎಂ ಪ್ರಿಂಟರ್ ಆದರೆ ಅಗಲ 384 ಚುಕ್ಕೆ, ಅಂದರೆ ಒಂದು ಸಾಲಿಗೆ 48 ಬೈಟ್. ಒಂದು ಮಿಲಿಮೀಟರ್‌ಗೆ 8 ಸಾಲು. ಹಳೇ ಸೀರಿಯಲ್ ಪ್ರಿಂಟರ್ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಓಡುತ್ತಿದ್ದರೆ ಸೆಕೆಂಡಿಗೆ ಎರಡೂವರೆ ಮಿಲಿಮೀಟರ್ ಮಾತ್ರ ಹೊರಗೆ ಬರುತ್ತದೆ. ಒಂದು ಗೇಣು ಬಿಲ್ಲಿಗೆ ಗಿರಾಕಿ ಒಂದು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಕು. ಖಾಲಿ ಸಾಲುಗಳನ್ನು ಚಿತ್ರವಾಗಿ ಕಳಿಸದೆ, ಕಾಗದ ಮುಂದೆ ತಳ್ಳುವ ಕಮಾಂಡ್ ಕೊಟ್ಟರೆ ಹೊತ್ತು ಎಷ್ಟೋ ಉಳಿಯುತ್ತದೆ. ಉಳಿದ ಸಾಲುಗಳನ್ನು ಎಷ್ಟೆಷ್ಟರ ತುಂಡು ಮಾಡಿ ಕಳಿಸಿದರೆ ಪ್ರಿಂಟರ್ ತಡವರಿಸುವುದಿಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಒಂದು ಲೆಕ್ಕ ಇದೆ. ಅದು ಕೋಡ್‌ನಲ್ಲೇ ಇದೆ, ಬೇಕಾದವರು ಹುಡುಕಿಕೊಳ್ಳಿ, ಇಲ್ಲಿ ಬರೆಯುವುದಿಲ್ಲ.

2019ರಲ್ಲಿ ಎಂಐಟಿ ಲೈಸೆನ್ಸ್ (ಯಾರು ಬೇಕಾದರೂ, ಮುಚ್ಚಿದ ಸಾಫ್ಟ್‌ವೇರಿನಲ್ಲೂ ಪುಕ್ಕಟೆ ಬಳಸಬಹುದು ಅನ್ನುವಂಥದ್ದು) ಹಾಕಿ ಬಿಟ್ಟೆ. ಎಲ್ಲರೂ ಅದನ್ನೇ ಹಾಕುತ್ತಾರೆ ಅಂತ. ಒಂದು ವರ್ಷ ಆದಮೇಲೆ ಕಾರವಾರದ ಒಂದು ಅಂಗಡಿಯಲ್ಲಿ ಬಿಲ್ ಕೈಗೆ ಬಂತು. 'ಅರ್ಧ ಕೆಜಿ' ಅಂತ ಬರೆದಲ್ಲಿ ಅರ್ಕಾವತ್ತು ಒಂದೆರಡು ಚುಕ್ಕೆ ಬಲಕ್ಕೆ ಸರಿದಿತ್ತು. ಅದು ನನ್ನ ಲೈಬ್ರರಿಯದ್ದೇ ತಪ್ಪು! ಅಂಗಡಿಯವರನ್ನು ಕೇಳಿದರೆ ಸಾಫ್ಟ್‌ವೇರಿಗೆ ವರ್ಷಕ್ಕೆ 9 ಸಾವಿರ ಕಟ್ಟುತ್ತೇವೆ ಅಂದರು. ಆ ಸಾಫ್ಟ್‌ವೇರ್ ಕಂಪನಿ ತಪ್ಪೇನೂ ಮಾಡಿರಲಿಲ್ಲ. ಬಳಸಿ ಅಂತ ಬರೆದುಕೊಟ್ಟವನು ನಾನೇ ಅಲ್ವಾ. ಆದರೆ ಎರಡು ತಿಂಗಳಿಗೆ ಅವರಿಂದಲೇ ಮೇಲ್ ಬಂತು: ಅರ್ಕಾವತ್ತಿನ ಸಮಸ್ಯೆ ಇದೆ, ಅರ್ಜೆಂಟ್, ಸೋಮವಾರದೊಳಗೆ ಸರಿ ಮಾಡಿಕೊಡಿ. 15 ಸಾವಿರ ಆಗುತ್ತದೆ ಅಂತ ಬರೆದೆ. ಉತ್ತರ ಬರಲಿಲ್ಲ. ಆ ರಾತ್ರಿ ನನಗೆ ನಿದ್ದೆಯೂ ಬರಲಿಲ್ಲ.

ಅದಾದಮೇಲೆ ದೇಣಿಗೆ ಬಟನ್ ಹಾಕಿ ನೋಡಿದೆ. ಒಂದು ವರ್ಷಕ್ಕೆ ಬಂದದ್ದು 2,300 ರೂಪಾಯಿಯೋ ಏನೋ, ಅದರಲ್ಲಿ 1,000 ನನ್ನ ಭಾವನದ್ದು.

2021ರಲ್ಲಿ ಲೈಬ್ರರಿಯ ಎರಡನೇ ಆವೃತ್ತಿಯನ್ನು ಜಿಪಿಎಲ್ 3 ಲೈಸೆನ್ಸಿಗೆ (ಈ ಕೋಡ್ ಸೇರಿಸಿ ಹಂಚುವವರು ತಮ್ಮ ಕೋಡನ್ನೂ ತೆರೆದಿಡಬೇಕು ಅನ್ನುವಂಥದ್ದು) ಬದಲಿಸಿದೆ. ಹಳೇ ಆವೃತ್ತಿ ಎಂಐಟಿಯಲ್ಲೇ ಉಳಿಯಿತು, ಕೊಟ್ಟಿದ್ದನ್ನು ವಾಪಸ್ ಪಡೆಯಲು ಬರುವುದಿಲ್ಲ. ಲೆಕ್ಕಾಚಾರ ಸರಳ. ನಿಮ್ಮ ಸಾಫ್ಟ್‌ವೇರ್ ಕೂಡ ಜಿಪಿಎಲ್‌ಗೆ ಹೊಂದುವ ಲೈಸೆನ್ಸಿನಲ್ಲಿ ತೆರೆದಿದ್ದರೆ ಒಂದು ಪೈಸೆ ಬೇಡ. ಮುಚ್ಚಿದ ಸಾಫ್ಟ್‌ವೇರಿನ ಒಳಗೆ ಸೇರಿಸಿ ಅಂಗಡಿಗಳಿಗೆ ಹಂಚುತ್ತೀರಾದರೆ ನನ್ನಿಂದ ಬೇರೆ ಲೈಸೆನ್ಸ್ ತಗೊಳ್ಳಿ.

ಸರಳ ಅಂದುಕೊಂಡಿದ್ದೆ. ಇಲ್ಲೇ ಎಡವಿದ್ದು, ಅದೂ ಎರಡು ಸಲ.

ಮೊದಲನೆಯದು, ಲೋಗೋ ಚಿತ್ರವನ್ನು ಚುಕ್ಕೆ ಮಾಡುವ ಭಾಗ ಬೇರೆಯವರ ಜಿಪಿಎಲ್ ಕೋಡ್ ಆಗಿತ್ತು. ನಾನೇ ಎಂದೋ ಅಂಟಿಸಿ ಮರೆತಿದ್ದೆ. ಅದರ ಮೇಲೆ ಎಂಐಟಿ ಹಾಕಿದ್ದೇ ತಪ್ಪು, ಇನ್ನು ಮಾರುವ ಹಕ್ಕು ಎಲ್ಲಿಂದ ಬರಬೇಕು? ಮಳೆಗಾಲದ ಹದಿನೈದು ದಿನ, ಕರೆಂಟು ಇದ್ದಾಗೆಲ್ಲ ಕೂತು, ಹಳೇ ಕೋಡ್ ಕಡೆ ಕಣ್ಣೂ ಹಾಯಿಸದೆ ಹೊಸದಾಗಿ ಬರೆದೆ. ನನ್ನ ಲೈಬ್ರರಿ ನೆಚ್ಚಿಕೊಂಡಿದ್ದ ಬೇರೆಯವರ ಉಳಿದ ಕೋಡ್‌ಗಳನ್ನೂ ಒಂದೊಂದಾಗಿ ತೆರೆದು ನೋಡಿದೆ. ಅಕ್ಷರ, ಒತ್ತು ಜೋಡಿಸುವ ಹಾರ್ಫ್‌ಬಜ್‌ನದ್ದು ಎಂಐಟಿ ಥರದ ಲೈಸೆನ್ಸ್, ತೊಂದರೆ ಇಲ್ಲ. ಫಾಂಟಿನಿಂದ ಅಕ್ಷರದ ಚಿತ್ರ ಮಾಡುವ ಫ್ರೀಟೈಪ್ ತಾನೇ ಎರಡು ಲೈಸೆನ್ಸಿನದ್ದು: ಅದರದ್ದೇ ಸಡಿಲ ಲೈಸೆನ್ಸ್ ಒಂದು, ಜಿಪಿಎಲ್‌ನ ಎರಡನೇ ಆವೃತ್ತಿ ಇನ್ನೊಂದು, ಬೇಕಾದ್ದು ಆರಿಸಿಕೊಳ್ಳಬಹುದು. ನೋಟೋ ಸಾನ್ಸ್ ಕನ್ನಡ ಫಾಂಟು ಓಎಫ್‌ಎಲ್ ಅನ್ನುವ ಫಾಂಟ್ ಲೈಸೆನ್ಸಿನದ್ದು, ಸಾಫ್ಟ್‌ವೇರ್ ಜೊತೆ ಸೇರಿಸಿ ಮಾರಬಹುದು, ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ.

ಎರಡನೆಯದು ಜನರ ವಿಷಯ. ನನ್ನ ಕೋಡಿಗೆ ಮೂವರು ಕೈ ಸೇರಿಸಿದ್ದರು. ಕೋಡ್‌ನ ಪೂರ್ತಿ ಹಕ್ಕು ನನ್ನ ಹತ್ತಿರ ಇರಬೇಕು, ಆಗಲೇ ಯಾವ ಕಂಪನಿಯ ಕಾನೂನು ವಿಭಾಗ ಏನು ಕೇಳಿದರೂ ಧೈರ್ಯದಿಂದ ಉತ್ತರ ಕೊಡಬಹುದು ಅಂತ ಮೂವರಿಗೂ ಬರೆದೆ. ಇಬ್ಬರು ಆವತ್ತೇ ಒಪ್ಪಿದರು. ಮೂರನೆಯವರು ಉತ್ತರಿಸಲೇ ಇಲ್ಲ. ಎರಡು ತಿಂಗಳು ಕಾದು ಅವರು ಬರೆದ ಮಲಯಾಳಂ ಭಾಗ ಪೂರ್ತಿ ತೆಗೆದುಹಾಕಿದೆ. ಒಳ್ಳೇ ಕೆಲಸವಾಗಿತ್ತು, ಈಗಲೂ ಬೇಜಾರಿದೆ.

ಈಗ ಯಾರೇ ಕೋಡ್ ಕಳಿಸಿದರೂ ಮೊದಲು ಅದರ ಹಕ್ಕು ನನಗೆ ಬರೆದುಕೊಡುವ ಒಪ್ಪಂದ. ಇದರಲ್ಲಿ ನಮ್ಮ ದೇಶದವರು ನೋಡಲೇಬೇಕಾದ ಒಂದು ಮಾತಿದೆ. 1957ರ ನಮ್ಮ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹಕ್ಕು ಬರೆದುಕೊಡುವಾಗ ಅವಧಿ ಹಾಕದಿದ್ದರೆ ಅದು ಐದೇ ವರ್ಷ. ಜಾಗ ಹಾಕದಿದ್ದರೆ ಭಾರತದೊಳಗೆ ಮಾತ್ರ. ಲೈಸೆನ್ಸಿಗೂ ಇದೇ ನಿಯಮ ಅನ್ವಯ ಆಗುತ್ತದೆ. ಅಮೆರಿಕದ ನಮೂನೆಯನ್ನು ಸುಮ್ನೆ ನಕಲು ಮಾಡಿದರೆ ಇದು ತಪ್ಪಿಹೋಗಬಹುದು. ನಾನೂ ಮೊದಲ ಕರಡಿನಲ್ಲಿ ಹಾಕಿರಲಿಲ್ಲ. ಶಿರಸಿಯ ಒಬ್ಬ ವಕೀಲರು, ಜಮೀನು ಕೇಸು ನೋಡುವವರು, ಎರಡು ದಿನ ಓದಿ ಹಿಡಿದುಕೊಟ್ಟರು. 3,000 ತಗೊಂಡರು. ಬೆಂಗಳೂರಿನಲ್ಲಿ ಇದೇ ಕೆಲಸಕ್ಕೆ 40,000 ಕೇಳಿದ್ದರು.

ಬೆಲೆಯ ಕಥೆಯೂ ಇದೆ. ಮೊದಲು ಪ್ರಿಂಟರಿಗೆ 40 ರೂಪಾಯಿ ಅಂತ ಇಟ್ಟೆ. ಎಷ್ಟು ಪ್ರಿಂಟರ್ ಅಂತ ಎಣಿಸುವವರು ಯಾರು? ಅವರೂ ಹೇಳಲಿಲ್ಲ, ನನಗೂ ನೋಡಲು ದಾರಿ ಇರಲಿಲ್ಲ. ಆಮೇಲೆ ಕಂಪನಿಗೆ ವರ್ಷಕ್ಕೆ 5,000 ಮಾಡಿದೆ. ಒಬ್ಬರೂ ಬರಲಿಲ್ಲ. ಅಷ್ಟು ಕಡಿಮೆ ಬೆಲೆ ಕಂಡರೆ ಖರೀದಿ ವಿಭಾಗಕ್ಕೆ ನಂಬಿಕೆಯೇ ಹುಟ್ಟುವುದಿಲ್ಲ, ಇದು ನನಗೆ ತಡವಾಗಿ ತಿಳಿದದ್ದು. 2022ರ ಚೌತಿ ಮುಗಿದಮೇಲೆ 45,000 ಮಾಡಿದೆ. ಎರಡೇ ವಾರದಲ್ಲಿ ಮೊದಲ ಗಿರಾಕಿ! ಈಗ ದೊಡ್ಡವರಿಗೆ 75,000, ಹತ್ತು ಜನಕ್ಕಿಂತ ಚಿಕ್ಕ ಕಂಪನಿಗೆ 40,000. ಜಿಎಸ್‌ಟಿ 18 ಪರ್ಸೆಂಟ್ ಬೇರೆ. ನನ್ನ ವಹಿವಾಟು 20 ಲಕ್ಷ ಮುಟ್ಟಿಲ್ಲ, ನೋಂದಣಿ ಕಡ್ಡಾಯ ಅಲ್ಲ, ಆದರೂ ಮಾಡಿಸಿದೆ. ಜಿಎಸ್‌ಟಿ ನಂಬರ್ ಇಲ್ಲದ ಬಿಲ್ಲನ್ನು ಕಂಪನಿಯವರು ಮುಟ್ಟುವುದೇ ಕಷ್ಟ. ದೊಡ್ಡವರು 10 ಪರ್ಸೆಂಟ್ ಟಿಡಿಎಸ್ (ಮೊದಲೇ ಹಿಡಿಯುವ ಆದಾಯ ತೆರಿಗೆ) ಹಿಡಿದೇ ಕೊಡುತ್ತಾರೆ, ರಿಟರ್ನ್ ಹಾಕುವವರೆಗೆ ಅದು ಕೈಗೆ ಬರುವುದಿಲ್ಲ. ಮೊದಲ ವರ್ಷ ಇದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ, ತೋಟಕ್ಕೆ ಬೋರ್ಡೋ ಔಷಧಿ ಹೊಡೆಸುವ ಹೊತ್ತಿಗೆ ದುಡ್ಡು ಕಡಿಮೆ ಬಿತ್ತು.

ಇನ್ನೊಂದು ಪೆಟ್ಟು ಬಿದ್ದದ್ದು ಕ್ಲೌಡ್‌ನಿಂದ. ಒಂದು ಕಂಪನಿ ಲೈಬ್ರರಿಯನ್ನು ತನ್ನ ಸರ್ವರ್‌ನಲ್ಲಿ ಓಡಿಸಿ, ಅಂಗಡಿಗೆ ಬರೀ ಚಿತ್ರ ಕಳಿಸುತ್ತಿತ್ತು. ಕೋಡ್ ಹಂಚಿಕೆ ಆಗಲೇ ಇಲ್ಲವಲ್ಲ, ಜಿಪಿಎಲ್ ಅಲ್ಲಿ ಏನೂ ಮಾಡುವುದಿಲ್ಲ. 2024ರಲ್ಲಿ ಮೂರನೇ ಆವೃತ್ತಿಯನ್ನು ಎಜಿಪಿಎಲ್, ಅಂದರೆ ಸರ್ವರ್ ಬಳಕೆಯನ್ನೂ ಹಿಡಿಯುವ ಜಿಪಿಎಲ್, ಮಾಡಿದೆ. ಅದೂ ಪೂರ್ತಿ ಬೇಲಿ ಏನಲ್ಲ. ಸರ್ವರ್‌ನಲ್ಲಿ ಓಡಿಸುವವರು ಕೋಡನ್ನು ತಿದ್ದಿದ್ದರೆ ಮಾತ್ರ ಬಳಕೆದಾರರಿಗೆ ಮೂಲ ಕೊಡಬೇಕು. ಆದರೆ ಎಜಿಪಿಎಲ್ ಬೇಡವೇ ಬೇಡ ಅನ್ನುವ ನಿಯಮ ಬಹಳ ಕಂಪನಿಗಳಲ್ಲಿ ಇದೆ, ಅಂಥವರು ದುಡ್ಡು ಕೊಟ್ಟು ಬೇರೆ ಲೈಸೆನ್ಸ್ ತಗೊಳ್ಳುತ್ತಾರೆ. ಆ ವರ್ಷ ಹೊಸದಾಗಿ ಬಂದ ನಾಲ್ವರಲ್ಲಿ ಮೂವರು ಆ ನಿಯಮದಿಂದಲೇ ಬಂದದ್ದು.

ಯಾರು ದುಡ್ಡು ಕೊಡದೆ ಬಳಸುತ್ತಿದ್ದಾರೆ ಅಂತ ಹೇಗೆ ಕಂಡುಹಿಡಿಯುತ್ತೀಯಾ ಅಂತ ಬಹಳ ಜನ ಕೇಳುತ್ತಾರೆ. ಅಚ್ಚಾದ ಬಿಲ್ಲಿನಲ್ಲಿ ಒಂದು ಗುರುತು ಇರುತ್ತದೆ. ಇಷ್ಟು ಸಾಕು. ಸಿಕ್ಕಮೇಲೂ ನಾನು ನೋಟಿಸ್ ಕಳಿಸುವುದಿಲ್ಲ. ಬಿಲ್ಲಿನ ಫೋಟೋ ಹಾಕಿ, ಲೈಸೆನ್ಸ್ ಬೇಕಾ ಅಂತ ಮರ್ಯಾದೆಯಿಂದ ಒಂದು ಮೇಲ್ ಹಾಕುತ್ತೇನೆ. ಐವರಿಗೆ ಹಾಕಿದ್ದೆ, ಮೂವರು ಕೊಂಡರು.

ನಡುವೆ ಅಡಿಕೆ ವ್ಯಾಪಾರದ ತೂಕದ ಚೀಟಿಗೂ ಇದನ್ನು ಹೊಂದಿಸಿ ನೋಡಿದೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಅಡಿಕೆಯ ಬಗೆಗಳೆಲ್ಲ ಕನ್ನಡದಲ್ಲೇ, ದಪ್ಪ ಅಕ್ಷರದಲ್ಲಿ. 'ಬೆಟ್ಟೆ'ಯ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತಿತ್ತು. ಸಾಲಿನ ಎತ್ತರವನ್ನು ಆ ಸಾಲಿನಲ್ಲಿರುವ ಒತ್ತುಗಳನ್ನು ನೋಡಿ ನಿರ್ಧರಿಸುವ ಉಪಾಯ ಹೊಳೆದದ್ದು ಆಗಲೇ. ಅದರಿಂದ ಕಾಗದವೂ ಉಳಿಯಿತು. ಈ ಚೀಟಿಯಿಂದ ನನಗೆ ದುಡ್ಡು ಬರಲಿಲ್ಲ, ಆದರೆ ಈಗ ಕಂಪನಿಗಳಿಗೆ ತೋರಿಸುವ ಮೊದಲ ಮಾದರಿ ಇದೇ.

ಮಾತುಕತೆಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. ನೀವೊಬ್ಬರೇ ಇದ್ದೀರಿ, ನಿಮಗೆ ಏನಾದರೂ ಆದರೆ ನಮ್ಮ ಗತಿ ಏನು ಸಾರ್? ಮೊದಮೊದಲು ನನಗೆ ಉತ್ತರ ಹೊಳೆಯುತ್ತಿರಲಿಲ್ಲ. ಈಗ ಹೇಳುತ್ತೇನೆ: ಕೋಡ್ ಎಲ್ಲರ ಮುಂದೆ ತೆರೆದಿದೆ, ನೀವು ಕೊಂಡ ಆವೃತ್ತಿಯನ್ನು ಯಾವತ್ತೂ ಬಳಸಬಹುದು, ತಿದ್ದಬಹುದು, ನವೀಕರಣ ಬೇಕಾದರೆ ಮಾತ್ರ ಪ್ರತಿ ವರ್ಷದ ದುಡ್ಡು. ಈ ಸಾಲನ್ನು ಒಪ್ಪಂದದ ಎರಡನೇ ಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೇನೆ. ಹನ್ನೊಂದನೆಯವರು ಸೋಮವಾರ ಅದನ್ನು ಓದಿದರು, ಗುರುವಾರ ಸಹಿ ಮಾಡಿದರು.