ವೈರಲ್ ನ್ಯುಮೋನಿಯಾ ವಾರ್ಡಿನಲ್ಲಿ ಯಾರ ಸ್ಥಿತಿ ಬಿಗಡಾಯಿಸಬಹುದು: ನನ್ನ ಅನುಭವ

ಎಚ್1ಎನ್1 ಆಗಲಿ, ಕೋವಿಡ್ ಆಗಲಿ, ಮಳೆಗಾಲದ ಮಾಮೂಲಿ ಇನ್‌ಫ್ಲುಯೆಂಜಾ ಆಗಲಿ, ದಾಖಲಾದ ರೋಗಿಗಳಲ್ಲಿ ಬಹುಪಾಲು ಜನ ಚೇತರಿಸಿಕೊಂಡು ಮನೆಗೆ ಹೋಗುತ್ತಾರೆ. ಕೆಲವರು ಮಾತ್ರ ರಾತ್ರಿ ಎದ್ದು ಕೂತು ಊಟ ಮಾಡಿದವರು ಬೆಳಗಿನ ಜಾವಕ್ಕೆ ಐಸಿಯು ಸೇರುತ್ತಾರೆ. ಆ ಕೆಲವರನ್ನು ಮೊದಲೇ ಗುರುತಿಸಲು ಜನರಲ್ ಮೆಡಿಸಿನ್ ವಾರ್ಡಿನಲ್ಲಿ ನಾನು ಪಾಲಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಡ್ಯೂಟಿ ಡಾಕ್ಟರ್‌ಗಳು ಮತ್ತು ಸ್ಟಾಫ್ ನರ್ಸ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಉಸಿರಾಟದ ದರ, ಆಕ್ಸಿಜನ್ ಕೊಡದೆ (ರೂಮ್ ಏರ್‌ನಲ್ಲಿ) ಅಳೆದ ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಶೇಕಡ), ಆಕ್ಸಿಜನ್ ಬೇಡಿಕೆ ಏರುತ್ತಿರುವ ವೇಗ, ಈ ಮೂರನ್ನು ಸರಿಯಾಗಿ ಅಳೆದರೆ ದುಬಾರಿ ಟೆಸ್ಟ್‌ಗಳ ದೊಡ್ಡ ಪಟ್ಟಿಗಿಂತ ಹೆಚ್ಚು ತಿಳಿಯುತ್ತದೆ. ಇದು ನನ್ನೊಬ್ಬನ ಅನಿಸಿಕೆಯಲ್ಲ. 2020ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯವರು 411 ಕೋವಿಡ್ ರೋಗಿಗಳ ಮಾಹಿತಿ ಇಟ್ಟುಕೊಂಡು ಆಗ ಚಾಲ್ತಿಗೆ ಬಂದಿದ್ದ 22 ಮುನ್ಸೂಚನಾ ಮಾದರಿಗಳನ್ನು ಪರೀಕ್ಷಿಸಿದರು. ಸ್ಥಿತಿ ಬಿಗಡಾಯಿಸುವುದನ್ನು ಹೇಳುವುದರಲ್ಲಿ ರೂಮ್ ಏರ್ ಸ್ಯಾಚುರೇಷನ್ ಒಂದನ್ನೇ ಮೀರಿಸುವ ಮಾದರಿ ಸಿಗಲಿಲ್ಲ. ಸಾವಿನ ಮುನ್ಸೂಚನೆಯಲ್ಲಿ ವಯಸ್ಸು ಒಂದನ್ನೇ ಮೀರಿಸುವುದೂ ಸಿಗಲಿಲ್ಲ.

ದಾಖಲಾತಿಯ ಹೊತ್ತಿಗೆ ನಾನು ಮೊದಲು ಬರೆಸುವುದು ಕಾಯಿಲೆಯ ಎಷ್ಟನೇ ದಿನ ಎಂಬುದನ್ನು. ಆಸ್ಪತ್ರೆಗೆ ಬಂದ ದಿನದಿಂದ ಎಣಿಸಿದರೆ ಉಪಯೋಗವಿಲ್ಲ, ಮೊದಲ ಜ್ವರ ಅಥವಾ ಮೈಕೈ ನೋವಿನಿಂದ ಎಣಿಸಬೇಕು. 2009ರ ಎಚ್1ಎನ್1ನಲ್ಲಿ ಕಂಡದ್ದು ಹೀಗೆ: ಲಕ್ಷಣ ಶುರುವಾದ 3ರಿಂದ 5ನೇ ದಿನಕ್ಕೆ ಕೆಡಲು ಶುರುವಾಗಿ, ಎಷ್ಟೋ ಜನ 24 ಗಂಟೆಯೊಳಗೆ ಉಸಿರಾಟದ ವೈಫಲ್ಯಕ್ಕೆ ಹೋಗುತ್ತಿದ್ದರು. ಕೋವಿಡ್‌ನ ಮೊದಲ ಅಲೆಗಳಲ್ಲಿ ಅದು ನಿಧಾನ, ಎರಡನೇ ವಾರದ ಆಸುಪಾಸಿನಲ್ಲಿ. ಹಾಗಾಗಿ 3ನೇ ದಿನ ಸ್ಯಾಚುರೇಷನ್ 93 ಇರುವ ಇನ್‌ಫ್ಲುಯೆಂಜಾ ರೋಗಿ ಮತ್ತು 12ನೇ ದಿನ 93 ಇರುವ ಕೋವಿಡ್ ರೋಗಿ ಒಂದೇ ಅಲ್ಲ. ಮೊದಲನೆಯವರ ಕಾಯಿಲೆ ಇನ್ನೂ ಏರು ದಾರಿಯಲ್ಲಿದೆ. ಎರಡನೆಯವರ ಕಾಯಿಲೆ ಇಳಿಯುತ್ತಿರಬಹುದು. "ಯಾವಾಗಿಂದ?" ಅಂದರೆ "ಒಂದು ವಾರದಿಂದ" ಎಂಬ ಉತ್ತರ ಬರುತ್ತದೆ. "ಜ್ವರ ಬಂದ ದಿನ ಯಾವ ವಾರ? ಅವತ್ತು ಕೆಲಸಕ್ಕೆ ಹೋಗಿದ್ರಾ?" ಎಂದು ಕೇಳಿದರೆ ದಿನಾಂಕ ಸಿಗುತ್ತದೆ.

ಉಸಿರಾಟದ ದರಕ್ಕೆ ಬರೋಣ. ಎಲ್ಲ ಚಾರ್ಟ್‌ಗಳಲ್ಲೂ ಅತಿ ಹೆಚ್ಚು ಅಂದಾಜಿನಿಂದ ತುಂಬುವ ಕಾಲಂ ಇದು. ಹತ್ತು ರೋಗಿಗಳಿಗೂ 18 ಅಥವಾ 20 ಎಂದು ಬರೆದಿದ್ದರೆ ಎಣಿಸಿಲ್ಲ ಎಂದೇ ಅರ್ಥ. ಪೂರ್ತಿ 60 ಸೆಕೆಂಡ್ ಎಣಿಸಬೇಕು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರು ತಪ್ಪಿದರೂ 4 ವ್ಯತ್ಯಾಸ ಬರುತ್ತದೆ, ಅಷ್ಟು ಸಾಕು 20 ಇರುವವರನ್ನು 24 ಮಾಡಲು. ರೋಗಿಗೆ ಹೇಳದೆ, ನಾಡಿ ಹಿಡಿದಂತೆ ಕೈ ಹಿಡಿದುಕೊಂಡು ಎದೆ ಅಥವಾ ಹೊಟ್ಟೆ ನೋಡುತ್ತಾ ಎಣಿಸಿ. ಶೌಚಾಲಯಕ್ಕೆ ಹೋಗಿ ಬಂದ ತಕ್ಷಣ ಬೇಡ, ಐದು ನಿಮಿಷ ಬಿಡಿ. ಕತ್ತಿನ ಸ್ನಾಯುಗಳು ಎದ್ದು ಕಾಣುತ್ತಿವೆಯೇ, ಒಂದು ವಾಕ್ಯ ಮುಗಿಸಲು ನಡುವೆ ಉಸಿರು ಬೇಕಾಗುತ್ತಿದೆಯೇ ಎಂಬುದನ್ನು ಅದೇ ನಿಮಿಷದಲ್ಲಿ ನೋಡಿಬಿಡಬಹುದು. "ಸ್ವಲ್ಪ ಸುಸ್ತು ಅಷ್ಟೇ ಡಾಕ್ಟ್ರೇ" ಎನ್ನುವವರ ದರ 32 ಇರುವುದು ಅಪರೂಪವಲ್ಲ.

ಪಲ್ಸ್ ಆಕ್ಸಿಮೀಟರ್ ಅಂಕಿಯನ್ನು ಅಲೆ ಸ್ಥಿರವಾದ ಮೇಲೆ, ಕನಿಷ್ಠ ಒಂದು ನಿಮಿಷ ಬಿಟ್ಟು ಬರೆಯಿರಿ. ತಣ್ಣಗಿರುವ ಕೈಯನ್ನು ಮೊದಲು ಉಜ್ಜಿ ಬೆಚ್ಚಗೆ ಮಾಡಿ. ನೇಲ್ ಪಾಲಿಶ್, ದಟ್ಟ ಮದರಂಗಿ ಇದ್ದರೆ ಬೇರೆ ಬೆರಳು ಅಥವಾ ಕಿವಿಯ ಹಾಲೆ. ಕಪ್ಪು ಚರ್ಮದವರಲ್ಲಿ ಈ ಯಂತ್ರ ನಿಜಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆ ಹೆಚ್ಚು ಎಂದು 2020ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ನಮ್ಮ ರೋಗಿಗಳ ವಿಷಯದಲ್ಲಿ ಇದನ್ನು ಮರೆಯುವಂತಿಲ್ಲ. 94 ತೋರಿಸುತ್ತಿದ್ದು ಉಸಿರು 30 ಇದ್ದರೆ ನಾನು ಉಸಿರನ್ನೇ ನಂಬಿ ಎಬಿಜಿ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ಕಳಿಸುತ್ತೇನೆ.

ಆಂಬುಲೆನ್ಸ್‌ನಲ್ಲೇ ಆಕ್ಸಿಜನ್ ಹಾಕಿಸಿಕೊಂಡು ಬಂದವರ ರೂಮ್ ಏರ್ ಅಂಕಿ ಬಹಳ ಸಲ ಎಲ್ಲೂ ದಾಖಲಾಗಿರುವುದಿಲ್ಲ. ನಿಮಿಷಕ್ಕೆ 2 ಲೀಟರ್ ಆಕ್ಸಿಜನ್‌ನಲ್ಲಿ 95ಕ್ಕಿಂತ ಮೇಲಿದ್ದು ಆರಾಮಾಗಿದ್ದರೆ, ಪಕ್ಕದಲ್ಲೇ ನಿಂತು ಐದು ನಿಮಿಷ ತೆಗೆದು ನೋಡುತ್ತೇನೆ. 90ಕ್ಕೆ ಇಳಿದರೆ ತಕ್ಷಣ ಮತ್ತೆ ಹಾಕಬೇಕು, ಆ ಇಳಿಕೆಯೇ ಉತ್ತರ. ಹೆಚ್ಚು ಲೀಟರ್ ಬೇಕಾದವರಲ್ಲಿ ಈ ಪರೀಕ್ಷೆ ಮಾಡಬಾರದು. ಕೂತಾಗ 95–96 ಇರುವವರನ್ನು 40 ಹೆಜ್ಜೆ ನಡೆಸಿ ಅಥವಾ ಒಂದು ನಿಮಿಷ ಕುರ್ಚಿಯಿಂದ ಎದ್ದು ಕೂರಿಸಿ ನೋಡಬೇಕು. 3 ಅಥವಾ ಹೆಚ್ಚು ಅಂಕ ಕುಸಿದರೆ "ಸ್ಟೇಬಲ್" ಎಂಬ ಪದವನ್ನು ಕೇಸ್ ಶೀಟಿನಲ್ಲಿ ಬರೆಯುವುದಿಲ್ಲ.

ಇನ್ನು ಆಕ್ಸಿಜನ್ ಬೇಡಿಕೆ. ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬೆಳಿಗ್ಗೆ 94, ಮಧ್ಯಾಹ್ನ 94, ರಾತ್ರಿ 94 ಎಂದು ಚಾರ್ಟ್ ಸಮಾಧಾನವಾಗಿ ಕಾಣುತ್ತದೆ. ಆದರೆ ಬೆಳಿಗ್ಗೆ 2 ಲೀಟರ್ ಇತ್ತು, ರಾತ್ರಿ 5 ಲೀಟರ್ ಆಗಿದೆ. ನೇಸಲ್ ಪ್ರಾಂಗ್ಸ್‌ನಲ್ಲಿ (ಮೂಗಿಗೆ ಹಾಕುವ ಕೊಳವೆ) 1 ಲೀಟರ್‌ಗೆ ಒಳಹೋಗುವ ಗಾಳಿಯಲ್ಲಿ ಸುಮಾರು 24 ಶೇಕಡ ಆಕ್ಸಿಜನ್, ನಂತರ ಪ್ರತಿ ಲೀಟರ್‌ಗೆ 4 ಸೇರಿಸುತ್ತಾ ಹೋಗಿ: 2 ಲೀಟರ್‌ಗೆ 28, 5 ಲೀಟರ್‌ಗೆ 40. ಸ್ಯಾಚುರೇಷನ್ನನ್ನು ಈ ಭಾಗದಿಂದ ಭಾಗಿಸಿದರೆ ಬೆಳಿಗ್ಗೆ 94 ÷ 0.28 = 336, ರಾತ್ರಿ 94 ÷ 0.40 = 235. ಈ ಅನುಪಾತ 315 ಇದ್ದರೆ ಎಬಿಜಿಯ ಪಿ/ಎಫ್ (ರಕ್ತದ ಆಕ್ಸಿಜನ್ ಒತ್ತಡವನ್ನು ಇದೇ ಭಾಗದಿಂದ ಭಾಗಿಸಿದ ಅನುಪಾತ) 300ಕ್ಕೆ, 235 ಇದ್ದರೆ 200ಕ್ಕೆ ಹತ್ತಿರ. ಅಂದರೆ ಒಂದೇ 94ರ ಹಿಂದೆ ಶ್ವಾಸಕೋಶ ಒಂದು ಹಗಲಿನಲ್ಲಿ ಇಷ್ಟು ಜಾರಿದೆ. ಸ್ಯಾಚುರೇಷನ್ 97ಕ್ಕಿಂತ ಹೆಚ್ಚಿದ್ದಾಗ ಈ ಲೆಕ್ಕ ಹಿಡಿಯುವುದಿಲ್ಲ, ಮೊದಲು ಲೀಟರ್ ಇಳಿಸಿ ಆಮೇಲೆ ಲೆಕ್ಕ ಹಾಕಬೇಕು. ಮುಖದ ಮಾಸ್ಕ್‌ಗಳಲ್ಲಿ ಎಷ್ಟು ಶೇಕಡ ಹೋಗುತ್ತದೆ ಎಂಬುದು ರೋಗಿಯ ಉಸಿರಾಟದ ಮೇಲೂ ಅವಲಂಬಿತವಾದ್ದರಿಂದ, ಅದೇ ಮಾಸ್ಕ್‌ನಲ್ಲಿ ಅದೇ ರೋಗಿಯ ಏರಿಳಿತವನ್ನಷ್ಟೇ ಹೋಲಿಸುತ್ತೇನೆ. ನಮ್ಮ ಚಾರ್ಟಿನಲ್ಲಿ ಸ್ಯಾಚುರೇಷನ್ ಕಾಲಂ ಪಕ್ಕದಲ್ಲೇ ಲೀಟರ್, ಸಾಧನ, ಅನುಪಾತ ಮೂರಕ್ಕೂ ಜಾಗವಿದೆ. 4 ಗಂಟೆಗೊಮ್ಮೆ ತುಂಬುವುದು, ಲೀಟರ್ ಏರಿಸಿದವರಿಗೆ 2 ಗಂಟೆಗೊಮ್ಮೆ. ಲೀಟರ್ ಏರಿಸಿದವರು ಡ್ಯೂಟಿ ಡಾಕ್ಟರ್‌ಗೆ ತಿಳಿಸಲೇಬೇಕು, ಸ್ಯಾಚುರೇಷನ್ ಸರಿಹೋಯಿತೆಂದು ಸುಮ್ಮನಾಗುವಂತಿಲ್ಲ.

ರೋಗಿ ಕೆಡುತ್ತಿರುವುದನ್ನು ಮೊದಲೇ ಎಚ್ಚರಿಸುವ ನ್ಯೂಸ್2 ಸ್ಕೋರ್ ನಾವು ಬಳಸುತ್ತೇವೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಹೊರತಂದದ್ದು. 5 ಬಂದರೆ ತುರ್ತಾಗಿ ವೈದ್ಯರು ನೋಡಬೇಕು, 7 ಅಥವಾ ಹೆಚ್ಚು ಬಂದರೆ ಐಸಿಯು ತಂಡಕ್ಕೆ ಕರೆ. ಆದರೆ ಅದಕ್ಕೊಂದು ಕುರುಡು ಜಾಗವಿದೆ: ಆಕ್ಸಿಜನ್ 1 ಲೀಟರ್ ಇದ್ದರೂ 2 ಅಂಕ, 15 ಲೀಟರ್ ಇದ್ದರೂ 2 ಅಂಕ. ಸ್ಯಾಚುರೇಷನ್ 94 (1), ಆಕ್ಸಿಜನ್ (2), ಉಸಿರು 24 (2), ನಾಡಿ 100 (1), ಉಳಿದದ್ದು ಸರಿ ಇರುವ ರೋಗಿಯ ಮೊತ್ತ 6. ಪ್ರಾಂಗ್ಸ್ ತೆಗೆದು 12 ಲೀಟರ್ ಮಾಸ್ಕ್ ಹಾಕಿದ ಮೇಲೂ 6. ಹಾಗಾಗಿ ವೈರಲ್ ನ್ಯುಮೋನಿಯಾದಲ್ಲಿ ನ್ಯೂಸ್2 ಪಕ್ಕದಲ್ಲಿ ಮೇಲಿನ ಅನುಪಾತ ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ. ನ್ಯುಮೋನಿಯಾ ತೀವ್ರತೆ ಅಳೆಯುವ ಕರ್ಬ್-65 ಸ್ಕೋರ್ ಇನ್ನೂ ಅಪಾಯಕಾರಿ. 34 ವರ್ಷ, ಉಸಿರು 28, ಬಿಪಿ 110/70, ಯೂರಿಯಾ ಡೆಸಿಲೀಟರ್‌ಗೆ 30 ಮಿಲಿಗ್ರಾಂ, ಎಚ್ಚರ ಸರಿ, ಸ್ಯಾಚುರೇಷನ್ 89 ಇರುವ ಎಚ್1ಎನ್1 ರೋಗಿಗೆ ಅದು ಕೊಡುವುದು ಸೊನ್ನೆ. ಸ್ಯಾಚುರೇಷನ್ ಅದರ ಲೆಕ್ಕದಲ್ಲೇ ಇಲ್ಲ.

ಕೋವಿಡ್‌ಗೆ, ಸಾವಿನ ಅಪಾಯ ಅಂದಾಜಿಸುವ 4ಸಿ ಮಾರ್ಟಾಲಿಟಿ ಸ್ಕೋರ್ ಒಳ್ಳೆಯದು. ವಯಸ್ಸು, ಲಿಂಗ, ಇತರ ಕಾಯಿಲೆಗಳು, ಉಸಿರಾಟದ ದರ, ರೂಮ್ ಏರ್ ಸ್ಯಾಚುರೇಷನ್, ಎಚ್ಚರದ ಮಟ್ಟ, ಯೂರಿಯಾ, ಸಿಆರ್‌ಪಿ (ಉರಿಯೂತ ತೋರಿಸುವ ರಕ್ತ ಪರೀಕ್ಷೆ) ಸೇರಿ ಒಟ್ಟು 21 ಅಂಕಕ್ಕೆ. ನಮ್ಮಲ್ಲಿ ಇದು ಎಡವುವುದು ಘಟಕಗಳಲ್ಲಿ. ಸ್ಕೋರ್ ಯೂರಿಯಾವನ್ನು ಲೀಟರ್‌ಗೆ ಮಿಲಿಮೋಲ್‌ನಲ್ಲಿ ಕೇಳುತ್ತದೆ, ನಮ್ಮ ಲ್ಯಾಬ್‌ಗಳು ಡೆಸಿಲೀಟರ್‌ಗೆ ಮಿಲಿಗ್ರಾಂ ಕೊಡುತ್ತವೆ. 6ರಿಂದ ಭಾಗಿಸಿ: 7 ಎಂದರೆ 42, 14 ಎಂದರೆ 84. ರಿಪೋರ್ಟ್‌ನಲ್ಲಿ ಬಿಯುಎನ್ (ಯೂರಿಯಾದ ಸಾರಜನಕ ಮಾತ್ರ) ಎಂದಿದ್ದರೆ ಮೊದಲು 2.14ರಿಂದ ಗುಣಿಸಿ ಯೂರಿಯಾ ಮಾಡಿಕೊಳ್ಳಬೇಕು. ಸಿಆರ್‌ಪಿ ಕೆಲವು ಲ್ಯಾಬ್‌ಗಳಲ್ಲಿ ಲೀಟರ್‌ಗೆ, ಕೆಲವಲ್ಲಿ ಡೆಸಿಲೀಟರ್‌ಗೆ, ಹತ್ತು ಪಟ್ಟು ವ್ಯತ್ಯಾಸ. 62 ವರ್ಷದ ಮಧುಮೇಹಿ ಪುರುಷ, ಉಸಿರು 26, ಸ್ಯಾಚುರೇಷನ್ 91, ಯೂರಿಯಾ 48, ಸಿಆರ್‌ಪಿ ಡೆಸಿಲೀಟರ್‌ಗೆ 11 ಎಂದುಕೊಳ್ಳಿ. ಸರಿಯಾದ ಮೊತ್ತ 12. ಯೂರಿಯಾವನ್ನು 48 ಎಂದೇ ತುಂಬಿದರೆ 2 ಅಂಕ ಹೆಚ್ಚು, ಸಿಆರ್‌ಪಿಯನ್ನು 11 ಎಂದೇ ತುಂಬಿದರೆ 2 ಅಂಕ ಕಡಿಮೆ. ಎರಡೂ ತಪ್ಪು ಒಟ್ಟಿಗೆ ಆದರೆ ಮೊತ್ತ ಮತ್ತೆ 12 ಆಗಿ, ತಪ್ಪು ಗೊತ್ತೇ ಆಗುವುದಿಲ್ಲ. ಇನ್ನೊಂದು ಮಾತು: ರಕ್ತದೊತ್ತಡ ಈ ಸ್ಕೋರ್‌ನ ಕಾಯಿಲೆ ಪಟ್ಟಿಯಲ್ಲಿಲ್ಲ, ಬೊಜ್ಜು ಇದೆ.

ಅದರ ಜೊತೆ ಪ್ರಕಟವಾದ ಸಾವಿನ ಪ್ರಮಾಣಗಳು (9–14 ಅಂಕದವರಲ್ಲಿ ಸುಮಾರು 31 ಶೇಕಡ) 2020ರ ಬ್ರಿಟನ್ನಿನವು, ಲಸಿಕೆಗೆ ಮುಂಚಿನವು. ಅವನ್ನು ಇವತ್ತಿನ ರೋಗಿಯ ಮನೆಯವರಿಗೆ ಹೇಳುವುದು ಅನ್ಯಾಯ. ನಾನು ಆ ಅಂಕವನ್ನು ಯಾರ ಹಾಸಿಗೆ ನರ್ಸಿಂಗ್ ಸ್ಟೇಷನ್ ಹತ್ತಿರ ಇರಬೇಕು ಎಂಬುದಕ್ಕೆ ಮಾತ್ರ ಬಳಸುತ್ತೇನೆ.

ರಕ್ತ ಪರೀಕ್ಷೆಗಳಲ್ಲಿ ಲಿಂಫೋಸೈಟ್ ಸಂಖ್ಯೆ, ಸಿಆರ್‌ಪಿ, ಯೂರಿಯಾ, ಕ್ರಿಯಾಟಿನಿನ್ ಸಾಕು. ಸ್ಟೀರಾಯ್ಡ್ ಶುರುವಾದ ಮೇಲೆ ನ್ಯೂಟ್ರೋಫಿಲ್ ಏರುತ್ತದೆ, ಲಿಂಫೋಸೈಟ್ ಇಳಿಯುತ್ತದೆ, ಆದ್ದರಿಂದ ಎರಡರ ಅನುಪಾತವನ್ನು ಮೊದಲ ಡೋಸ್‌ಗೆ ಮುಂಚಿನ ಸ್ಯಾಂಪಲ್‌ನಿಂದಲೇ ತೆಗೆದುಕೊಳ್ಳಬೇಕು. ಸ್ಟೀರಾಯ್ಡ್ ಸಿಆರ್‌ಪಿಯನ್ನೂ ಇಳಿಸುತ್ತದೆ. ಅದು ಇಳಿಯುತ್ತಾ ಆಕ್ಸಿಜನ್ ಬೇಡಿಕೆ ಏರುತ್ತಿದ್ದರೆ ಬೇಡಿಕೆಯೇ ನಿಜ. ಇನ್‌ಫ್ಲುಯೆಂಜಾದಲ್ಲಿ ಜ್ವರ ಬಿಟ್ಟು ಎರಡು ದಿನ ಚೆನ್ನಾಗಿದ್ದು ಮತ್ತೆ ಚಳಿಜ್ವರ, ಹಳದಿ ಕಫ, ಸಿಆರ್‌ಪಿ ಏರಿಕೆ ಬಂದರೆ ಬ್ಯಾಕ್ಟೀರಿಯಾ ಸೋಂಕು ಸೇರಿಕೊಂಡಿದೆ ಎಂದೇ ನಡೆಯಬೇಕು.

ಗರ್ಭಿಣಿಯರಿಗೆ ಮೇಲಿನ ಯಾವ ಸ್ಕೋರನ್ನೂ ನಾನು ಹಾಕುವುದಿಲ್ಲ. ಗರ್ಭಾವಸ್ಥೆಯಲ್ಲಿ ಉಸಿರಿನ ಆಳ ಹೆಚ್ಚುತ್ತದೆ, ದರ ಅಷ್ಟಾಗಿ ಏರುವುದಿಲ್ಲ. 24 ಇದ್ದರೆ "ಹೊಟ್ಟೆ ಭಾರಕ್ಕೆ" ಎಂದು ತಳ್ಳಿಹಾಕಬಾರದು. ಯೂರಿಯಾ ಸಹಜವಾಗಿಯೇ ಕಡಿಮೆ ಇರುತ್ತದೆ. ಸ್ಯಾಚುರೇಷನ್ 95ಕ್ಕಿಂತ ಕೆಳಗಿಳಿದರೆ ಅದೇ ಗಂಟೆಯಲ್ಲಿ ಪ್ರಸೂತಿ ತಜ್ಞರಿಗೂ ಐಸಿಯುಗೂ ಹೇಳುತ್ತೇನೆ.

ಹೈ ಫ್ಲೋ (ಮೂಗಿನ ಮೂಲಕ ರಭಸವಾಗಿ ಕೊಡುವ ಆಕ್ಸಿಜನ್) ಹಾಕಿದ ಮೇಲೆ ರಾಕ್ಸ್ ಸೂಚ್ಯಂಕ: ಮೇಲೆ ಹೇಳಿದ ಸ್ಯಾಚುರೇಷನ್ ಅನುಪಾತವನ್ನು ಉಸಿರಾಟದ ದರದಿಂದ ಭಾಗಿಸಿ. ಸ್ಯಾಚುರೇಷನ್ 92, ಆಕ್ಸಿಜನ್ 60 ಶೇಕಡ, ಉಸಿರು 32 ಇದ್ದರೆ 4.8. 4.88 ಅಥವಾ ಹೆಚ್ಚಿದ್ದರೆ ವೆಂಟಿಲೇಟರ್‌ಗಾಗಿ ಗಂಟಲಿಗೆ ಟ್ಯೂಬ್ ಬೇಕಾಗುವ ಸಂಭವ ಕಡಿಮೆ. 2 ಗಂಟೆಗೆ 2.85, 6 ಗಂಟೆಗೆ 3.47, 12 ಗಂಟೆಗೆ 3.85ಕ್ಕಿಂತ ಕೆಳಗಿದ್ದರೆ ಹೈ ಫ್ಲೋ ಸಾಲದು. ದಣಿದ ರೋಗಿಯಲ್ಲಿ ಉಸಿರು 36ರಿಂದ 22ಕ್ಕೆ ಇಳಿದು ರಾಕ್ಸ್ ಚೆನ್ನಾಗಿ ಕಾಣಬಹುದು. ಅವರು ಮಂಪರಿನಲ್ಲಿದ್ದು ಎಬಿಜಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತಿದ್ದರೆ ಅದು ಸುಧಾರಣೆಯಲ್ಲ, ಉಸಿರಾಟದ ಸ್ನಾಯುಗಳು ಸೋಲುತ್ತಿವೆ. ದರ 36 ಇರುವಾಗಲೇ ಕಾರ್ಬನ್ ಡೈಆಕ್ಸೈಡ್ ಅಂಕಿ 40 ಎಂಬ "ನಾರ್ಮಲ್" ತೋರಿಸುವುದೂ ಅದೇ ಎಚ್ಚರಿಕೆ.

ಸ್ಕೋರ್ ನಮ್ಮಲ್ಲಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಒಂದು ರಿಜಿಸ್ಟರ್ ಸಾಕು, ಹೊಸ ಮಾದರಿ ಕಟ್ಟುವ ಅಗತ್ಯವಿಲ್ಲ. ಕಟ್ಟಲು ಹೊರಟರೆ ಒಂದೊಂದು ಅಂಶಕ್ಕೂ ಕನಿಷ್ಠ ಹತ್ತು ಬಿಗಡಾಯಿಸಿದ ರೋಗಿಗಳಾದರೂ ಬೇಕು, ಒಂದು ವಾರ್ಡಿನಲ್ಲಿ ಅಷ್ಟು ಸಿಗುವುದು ಕಷ್ಟ. "ಬಿಗಡಾಯಿಸುವುದು" ಎಂದರೇನೆಂದು ಮೊದಲೇ ಬರೆದಿಟ್ಟುಕೊಳ್ಳಬೇಕು. ನಾವು ಇಟ್ಟುಕೊಂಡದ್ದು: 72 ಗಂಟೆಯೊಳಗೆ ಹೈ ಫ್ಲೋ, ಬೈಪ್ಯಾಪ್ (ಮಾಸ್ಕ್ ಮೂಲಕ ಯಂತ್ರದ ಉಸಿರಾಟ), ವೆಂಟಿಲೇಟರ್ ಅಥವಾ ಸಾವು. ದಾಖಲಾದ ಮೊದಲ ಗಂಟೆಯ ಅಂಕಿಗಳನ್ನು ಮಾತ್ರ ಸೇರಿಸಬೇಕು. ಸಂಜೆಯ ಲ್ಯಾಬ್ ಬೆರೆಸಿದರೆ ಆಗಲೇ ಕೆಟ್ಟವರನ್ನು "ಮುಂಚೆಯೇ ಹೇಳಿದಂತೆ" ಆಗಿಬಿಡುತ್ತದೆ. ಬೇರೆ ಆಸ್ಪತ್ರೆಗೆ ರೆಫರ್ ಆದವರು, ಹೇಳಿದರೂ ಕೇಳದೆ ಬಿಡುಗಡೆ ಪಡೆದು ಹೋದವರು ಲೆಕ್ಕದಿಂದ ಬಿದ್ದುಹೋಗುತ್ತಾರೆ. ಹಲವು ಸಲ ಅವರೇ ಹೆಚ್ಚು ಕೆಟ್ಟಿದ್ದವರು. ಮೂರನೇ ದಿನ ಮನೆಯವರಿಗೆ ಫೋನ್ ಮಾಡಿ ತಿಳಿದು ಬರೆಯಬೇಕು. ಡಿ-ಡೈಮರ್‌ನಂತಹ (ರಕ್ತ ಹೆಪ್ಪುಗಟ್ಟುವುದರ ಸೂಚಕ) ಟೆಸ್ಟ್ ಅನ್ನು ಸೀರಿಯಸ್ ಕಂಡವರಿಗೆ ಮಾತ್ರ ಕಳಿಸಿದ್ದರೆ, ಅದರ ಅಂಕಿಗಿಂತ "ಕಳಿಸಿದ್ದೇವೆ" ಎಂಬುದೇ ಮುನ್ಸೂಚನೆಯಾಗಿಬಿಡುತ್ತದೆ. ಅಂತಹದ್ದನ್ನು ಹೋಲಿಕೆಗೆ ತರಬಾರದು.

ಬಿಡುಗಡೆಗೆ ನಾನು ನೋಡುವುದು: 24 ಗಂಟೆ ಆಕ್ಸಿಜನ್ ಇಲ್ಲದೆ 94 ಅಥವಾ ಮೇಲೆ, ಉಸಿರು 22ಕ್ಕಿಂತ ಕಡಿಮೆ, 40 ಹೆಜ್ಜೆ ನಡೆದರೂ 3 ಅಂಕ ಕುಸಿಯದಿರುವುದು. ಇನ್‌ಫ್ಲುಯೆಂಜಾದಲ್ಲಿ 5ನೇ ದಿನದೊಳಗೆ, ಕೋವಿಡ್‌ನಲ್ಲಿ 10ನೇ ದಿನದೊಳಗೆ ಹೋಗುವವರಿದ್ದರೆ ಮನೆಯವರಿಗೆ ಆಕ್ಸಿಮೀಟರ್ ಬಳಕೆ ಮತ್ತು ಉಸಿರು ಎಣಿಸುವುದನ್ನು ವಾರ್ಡಿನಲ್ಲೇ ಮಾಡಿಸಿ ತೋರಿಸುತ್ತೇವೆ. 93 ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ ಕೂತಲ್ಲೇ ಉಸಿರು 24 ದಾಟಿದರೆ ಬೆಳಗಿನ ತನಕ ಕಾಯದೆ ವಾಪಸ್ ಬರಬೇಕು ಎಂಬುದನ್ನು ಡಿಸ್ಚಾರ್ಜ್ ಕಾರ್ಡಿನ ಮೇಲ್ಭಾಗದಲ್ಲಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಕೊಡುತ್ತೇವೆ.