ಹಸಿರು ಹಿಗ್ಗಿಸಿದಷ್ಟೂ ಬೆಳೆದ ಸಾಲು

ಸಿಗ್ನಲ್ ಸಮಯ ಹೊಂದಿಸುವುದು ನನ್ನ ಕೆಲಸ. ನಾಲ್ಕು ರಸ್ತೆ ಕೂಡುವ ಒಂದು ಜಂಕ್ಷನ್ನಿನಿಂದ ಪ್ರತಿ ವಾರ ದೂರು ಬರುತ್ತಿತ್ತು. ಯಾವ ಕಡೆ ಸಾಲು ಉದ್ದವೋ ಆ ಕಡೆಗೆ ಹತ್ತು ಸೆಕೆಂಡ್ ಹಸಿರು ಜಾಸ್ತಿ ಮಾಡುತ್ತಿದ್ದೆ. ಮರುವಾರ ಎದುರುಗಡೆಯವರ ದೂರು, ಅಲ್ಲಿಗೂ ಹತ್ತು ಸೆಕೆಂಡ್. ಹೀಗೆ ಹಿಗ್ಗಿಸುತ್ತಾ ಹೋಗಿ, ನಾಲ್ಕೂ ಕಡೆಗೆ ಒಂದೊಂದು ಸಲ ಹಸಿರು ಬಂದು ಒಂದು ಸುತ್ತು ಮುಗಿಯಲು 200 ಸೆಕೆಂಡ್ ಹಿಡಿಯುವ ಮಟ್ಟಕ್ಕೆ ತಂದಿಟ್ಟಿದ್ದೆ. ಸಾಲು ಕರಗಲಿಲ್ಲ.

ಹಾಗೆ ಹಿಗ್ಗಿಸಲು ಕಾರಣವಿತ್ತು. ಹಸಿರು ಬಿದ್ದ ಮೇಲೆ ಒಂದು ಲೇನಿನಿಂದ ಎರಡು ಸೆಕೆಂಡಿಗೆ ಒಂದು ಕಾರಿನಂತೆ, ಅಂದರೆ ಗಂಟೆಗೆ ಸುಮಾರು 1800 ಕಾರು ಹೊರಡಬಹುದು. ಆದರೆ ಮೊದಲ ಒಂದೆರಡು ಕಾರುಗಳು ಹೊರಡಲು ತಡವಾಗುತ್ತದೆ, ಕೊನೆಯಲ್ಲಿ ಹಳದಿ ದೀಪದ ಹೊತ್ತು ಸ್ವಲ್ಪ ಪೋಲಾಗುತ್ತದೆ. ಪ್ರತಿ ಸಲ ದಿಕ್ಕು ಬದಲಾದಾಗ ಸುಮಾರು 4 ಸೆಕೆಂಡ್ ನಷ್ಟ. ನಾಲ್ಕು ದಿಕ್ಕಿಗೆ 16 ಸೆಕೆಂಡ್. 200ರ ಸುತ್ತಿನಲ್ಲಿ ಇದು ಶೇ 8, 120ರ ಸುತ್ತಿನಲ್ಲಿ ಶೇ 13. ಕಾಗದದ ಮೇಲೆ ಉದ್ದ ಸುತ್ತೇ ಗೆಲ್ಲುತ್ತದೆ. ನಾನು ಆ ಕಾಗದವನ್ನೇ ನಂಬಿದ್ದೆ.

ಕೊನೆಗೆ ಮೂರು ಸಂಜೆ ಅಲ್ಲೇ ಹೋಗಿ ನಿಂತು ಎಣಿಸಿದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಒಂದು ಮಾತು: ಗೆರೆ ದಾಟಿ ಹೋದ ವಾಹನಗಳನ್ನಷ್ಟೇ ಎಣಿಸಬೇಡಿ. ಅದರಿಂದ ಸಿಗ್ನಲ್ ಎಷ್ಟು ಬಿಟ್ಟಿತು ಎಂದು ತಿಳಿಯುತ್ತದೆಯೇ ಹೊರತು ಎಷ್ಟು ಬಂದವು ಎಂದಲ್ಲ. ಸಾಲಿನ ಬಾಲದಿಂದಲೂ ಆಚೆ ನಿಂತು, ಬರುತ್ತಿರುವವನ್ನು ಎಣಿಸಬೇಕು. ಹಾಗೆ ಎಣಿಸಿದಾಗ ಸಿಕ್ಕ ಉತ್ತರ ನನ್ನನ್ನು ತಬ್ಬಿಬ್ಬು ಮಾಡಿತು. ಪ್ರತಿ ದಿಕ್ಕಿನಿಂದ ಬರುವ ವಾಹನಗಳಿಗೂ ಹಸಿರು ಬಿಡದೆ ಉರಿದರೆ ಆ ದಿಕ್ಕಿನಿಂದ ಗರಿಷ್ಠ ಹೊರಡಬಹುದಾದವಕ್ಕೂ ಇರುವ ಪ್ರಮಾಣವನ್ನು ಲೆಕ್ಕ ಹಾಕಿ, ನಾಲ್ಕನ್ನೂ ಕೂಡಿದರೆ 0.75 ಬಂತು. 1ಕ್ಕಿಂತ ಇಷ್ಟು ಕೆಳಗಿದ್ದರೆ ಸಾಲು ಬೆಳೆಯುತ್ತಲೇ ಹೋಗಬಾರದು. ಹಾಗಾದರೆ ಹಸಿರು ಎಲ್ಲೋ ಸೋರುತ್ತಿತ್ತು.

ಸೋರಿಕೆ ಇದ್ದದ್ದು ತಿರುಗುವ ಲೇನಿನಲ್ಲಿ. ಪಕ್ಕದ ರಸ್ತೆಗೆ ತಿರುಗುವವರಿಗೆಂದು ಜಂಕ್ಷನ್ನಿನ ಹತ್ತಿರ ಸುಮಾರು 50 ಮೀಟರ್ ಉದ್ದದ ಪ್ರತ್ಯೇಕ ಲೇನ್ ಇತ್ತು. ನಿಂತ ಕಾರಿಗೆ ಮುಂದಿನ ಸಂದು ಸೇರಿ ಆರೇಳು ಮೀಟರ್ ಬೇಕು. ಹೆಚ್ಚೆಂದರೆ ಎಂಟು ಕಾರು ಹಿಡಿಯುವ ಜಾಗ. ಗಂಟೆಗೆ 200 ಕಾರು ತಿರುಗಲು ಬರುತ್ತಿದ್ದವು. 200 ಸೆಕೆಂಡಿನ ಸುತ್ತಿನಲ್ಲಿ ಹನ್ನೊಂದು ಕಾರು ಸೇರುತ್ತವೆ. ಒಂಬತ್ತನೆಯದಕ್ಕೆ ಜಾಗವಿಲ್ಲ, ಅದು ನೇರ ಹೋಗುವವರ ಲೇನಿನಲ್ಲಿ ನಿಲ್ಲುತ್ತದೆ. ನೇರ ಹೋಗುವವರಿಗೆ ಹಸಿರು ಬಿದ್ದರೂ ಮುಂದೆ ನಿಂತ ಆ ಒಂದು ಕಾರಿನಿಂದ ಹಿಂದಿನವರೆಲ್ಲ ಬಂದಿ. ನಾನು ಕೊಟ್ಟ ಹೆಚ್ಚುವರಿ ಹಸಿರು ಖಾಲಿ ರಸ್ತೆಯ ಮೇಲೆ ಉರಿಯುತ್ತಿತ್ತು. ಅದನ್ನು ಕಣ್ಣಾರೆ ನೋಡುತ್ತ ನಿಂತಾಗ ಹೊಟ್ಟೆ ಹಿಂಡಿದಂತಾಯಿತು. ಆ ಸಾಲಿನಲ್ಲಿ ಒಂದು ಆಂಬುಲೆನ್ಸ್ ಕೂಡ ಇತ್ತು.

ಒಂದು ಸುತ್ತು ಎಷ್ಟು ಸೆಕೆಂಡ್ ಇದ್ದರೆ ಒಳ್ಳೆಯದು ಎಂದು ಲೆಕ್ಕ ಹಾಕಲು ಬ್ರಿಟನ್ನಿನ ಸಂಶೋಧಕ ವೆಬ್‌ಸ್ಟರ್ 1958ರಲ್ಲಿ ಕೊಟ್ಟ ಸೂತ್ರವನ್ನು ಮತ್ತೆ ತೆಗೆದೆ. ಒಟ್ಟು ನಷ್ಟದ ಒಂದೂವರೆ ಪಟ್ಟಿಗೆ 5 ಸೇರಿಸಿ, ಬಂದದ್ದನ್ನು 1ರಲ್ಲಿ 0.75 ಕಳೆದು ಉಳಿದ 0.25ರಿಂದ ಭಾಗಿಸಬೇಕು. 116 ಸೆಕೆಂಡ್ ಬಂತು, 120 ಇಟ್ಟೆ. ಈಗ ಒಂದು ಸುತ್ತಿಗೆ ತಿರುಗಲು ಬರುವವು ಆರೇಳು ಕಾರು, ಲೇನಿನಲ್ಲಿ ಹಿಡಿಸುತ್ತವೆ. ಮೇಲಧಿಕಾರಿಗಳು ಒಪ್ಪಲು ಹಿಂಜರಿದರು. ಸಾಲು ಇಷ್ಟುದ್ದ ಇರುವಾಗ ಹಸಿರು ಕಡಿಮೆ ಮಾಡುವುದೇ ಎಂಬ ಅವರ ಪ್ರಶ್ನೆ ಸಹಜವೇ. ಎರಡು ವಾರದ ಪ್ರಯೋಗ ಎಂದು ಕೇಳಿಕೊಂಡೆ. ಮೂರನೆಯ ಸಂಜೆಗೆ ಸಾಲಿನ ಬಾಲ ಹಿಂದಿನ ಜಂಕ್ಷನ್ ಮುಟ್ಟುವುದು ನಿಂತಿತು. ನಾನು ಯೋಚಿಸಿಯೇ ಇರದ ಇನ್ನೊಂದು ಲಾಭವೂ ಆಯಿತು. ಮೂರು ನಿಮಿಷ ಕಾದು ಬೇಸತ್ತು ವಾಹನಗಳ ನಡುವೆ ನುಗ್ಗುತ್ತಿದ್ದ ಪಾದಚಾರಿಗಳು ತಮ್ಮ ಸರದಿಗೆ ಕಾಯತೊಡಗಿದರು.

ಜೊತೆಗೆ ಅಲ್ಲಿನ ಬಸ್ ನಿಲ್ದಾಣವನ್ನೂ ಸರಿಪಡಿಸಿದೆವು, ಅದು ಸಣ್ಣ ಕೆಲಸ. ಜಂಕ್ಷನ್ ದಾಟಿದ ತಕ್ಷಣ ಒಂದೇ ಬಸ್ಸಿನ ಜಾಗವಿತ್ತು, ಎರಡನೆಯದು ಬಂದರೆ ಅದರ ಹಿಂಭಾಗ ಜಂಕ್ಷನ್ನಿನೊಳಗೆ. ಮೂರು ಬಸ್ ನಿಲ್ಲುವಂತೆ ಸ್ವಲ್ಪ ಮುಂದಕ್ಕೆ ಸರಿಸಿದೆವು.

ಇಷ್ಟಕ್ಕೇ ಗೆದ್ದೆವು ಎಂದುಕೊಂಡಿದ್ದೆ. ಆರು ತಿಂಗಳಲ್ಲಿ ಸಂಜೆಯ ಸಾಲು ಮೆಲ್ಲಗೆ ಮರಳಿತು. ಮತ್ತೆ ಎಣಿಸಿದಾಗ ಬರುವ ವಾಹನಗಳೇ ಹೆಚ್ಚಿದ್ದವು. ಬೇರೆ ದಾರಿ ಹಿಡಿದಿದ್ದವರು, ಹೊತ್ತು ತಪ್ಪಿಸಿ ಹೊರಡುತ್ತಿದ್ದವರು ಇಲ್ಲಿ ಸಲೀಸಾಯಿತೆಂದು ಬಂದಿದ್ದರು. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ಇದನ್ನು ಬರೆದಿದ್ದರು: ದಟ್ಟಣೆಯ ಹೊತ್ತಿನಲ್ಲಿ ತೆರವಾದ ಜಾಗ ಮತ್ತೆ ತುಂಬಿಕೊಳ್ಳುತ್ತದೆ. ರಸ್ತೆ ಅಗಲ ಮಾಡಿದರೂ ಇದೇ ಆಗುತ್ತದೆ, ಖರ್ಚು ಮಾತ್ರ ನೂರಾರು ಪಟ್ಟು. ವೆಬ್‌ಸ್ಟರ್ ಸೂತ್ರದಲ್ಲಿ ಆ 0.75 ಏರುತ್ತಾ 1ರ ಹತ್ತಿರ ಬಂದರೆ ಭಾಗಿಸುವ ಸಂಖ್ಯೆ ಸೊನ್ನೆಯತ್ತ ಹೋಗುತ್ತದೆ, ಯಾವ ಸುತ್ತೂ ಸಾಲದು. ಅಲ್ಲಿಗೆ ಸಿಗ್ನಲ್ ಕೆಲಸದವನ ಕೈ ಕಟ್ಟಿದಂತೆ.

ಆಗ ಬೇಕಾಗುವುದು ವಾಹನಗಳನ್ನೇ ಕಡಿಮೆ ಮಾಡುವ ಧೈರ್ಯ. ಸಿಂಗಪುರ 1975ರಲ್ಲೇ ನಗರದ ನಡುಭಾಗ ಪ್ರವೇಶಿಸುವ ಕಾರುಗಳಿಗೆ ಶುಲ್ಕ ಹಾಕಿತು, ಲಂಡನ್ 2003ರಲ್ಲಿ. ಸ್ಟಾಕ್‌ಹೋಮ್ 2006ರಲ್ಲಿ ಏಳು ತಿಂಗಳು ಪ್ರಯೋಗ ಮಾಡಿದಾಗ ಶುಲ್ಕದ ಗಡಿ ದಾಟುವ ವಾಹನಗಳು ಐದರಲ್ಲಿ ಒಂದರಷ್ಟು ಕಡಿಮೆಯಾದವು. ಮೊದಲು ವಿರೋಧಿಸಿದ ಜನ ಆಮೇಲೆ ಮತ ಹಾಕಿ ಒಪ್ಪಿದರು. ಆದರೆ ಕಾರು ಬಿಟ್ಟವರಿಗೆ ಹತ್ತಲು ಬಸ್ಸು, ರೈಲು ಇರಲೇಬೇಕು. ಅದಿಲ್ಲದೆ ಶುಲ್ಕ ಹಾಕುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಶುಲ್ಕ ಹಾಕುವ ಅಧಿಕಾರ ನನಗಿಲ್ಲ. ನನ್ನ ಕೈಯಲ್ಲಿರುವುದು ಎಣಿಕೆಯ ಹಾಳೆ. ಅದರಲ್ಲಿ ಇಷ್ಟು ವರ್ಷ ಕಾರು, ಬಸ್ಸು, ದ್ವಿಚಕ್ರ ಎಂದು ವಾಹನಗಳಿಗೆ ಮಾತ್ರ ಕಾಲಂ ಇತ್ತು. ಈಗ ಒಳಗೆ ಕೂತವರಿಗೂ ನಡೆದು ದಾಟುವವರಿಗೂ ಒಂದೊಂದು ಸೇರಿಸಿದ್ದೇನೆ. ಹನ್ನೆರಡು ಮೀಟರ್ ಉದ್ದದ ಬಸ್ಸಿನಲ್ಲಿ ಐವತ್ತು ಜನ, ಅಷ್ಟೇ ಜಾಗದಲ್ಲಿ ನಿಂತ ಎರಡು ಕಾರುಗಳಲ್ಲಿ ಇಬ್ಬರೋ ಮೂವರೋ. ಬಸ್ಸು ಹತ್ತಿರ ಬಂದಾಗ ಅದು ದಾಟುವವರೆಗೆ ಹಸಿರನ್ನು ಕೆಲವು ಸೆಕೆಂಡ್ ಮುಂದುವರಿಸುವ ವ್ಯವಸ್ಥೆ ಕೇಳಿ ಬರೆದ ಪತ್ರಕ್ಕೆ ಈ ಹಾಳೆಯನ್ನೇ ಲಗತ್ತಿಸಿದ್ದೇನೆ.